ಮೂಲೆಯ ಪೇಪರ್ ಅಂಗಡಿಯವನು ಎಲ್ಲಿ ಹೋದ?

'ವಾಚ್‌ಮೆನ್' ಸಿನಿಮಾ ಮೊದಲ ಸಲ ನೋಡಿ ಹೊರಗೆ ಬಂದಾಗ ನನಗೆ ವಿಪರೀತ ಸಿಟ್ಟು ಬಂದಿತ್ತು. ಅದಕ್ಕೆ ಮೂಲವಾದ ಕಾಮಿಕ್ಸ್ ಪುಸ್ತಕವನ್ನು ಅಷ್ಟರಲ್ಲಿ ನಾಲ್ಕೈದು ಸಲ ಓದಿದ್ದೆ. ಕೊನೆಯಲ್ಲಿ ನ್ಯೂಯಾರ್ಕ್ ಮೇಲೆ ಬಂದು ಬೀಳುವ ಆ ದೈತ್ಯ ಪ್ರಾಣಿ, ಓದಿದವರೆಲ್ಲ ಸ್ಕ್ವಿಡ್ ಅಂತ ಕರೆಯೋದು, ಅದನ್ನೇ ತೆಗೆದುಹಾಕಿದ್ದರು. ಆಮೇಲೆ ವರ್ಷಗಟ್ಟಲೆ ಯಾರಾದರೂ ಈ ಸಿನಿಮಾದ ಹೆಸರು ಎತ್ತಿದರೆ ಸಾಕು, ನಾನು ಸ್ಕ್ವಿಡ್‌ನಿಂದಲೇ ಜಗಳ ಶುರು ಮಾಡುತ್ತಿದ್ದೆ. ಈಗ ಆ ಜಗಳ ಬಿಟ್ಟಿದ್ದೇನೆ. ನನ್ನ ದೂರು ಬೇರೆ ಕಡೆ ಇರಬೇಕಿತ್ತು ಅಂತ ಗೊತ್ತಾಗಿದ್ದು ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಕೂತಾಗ. ಅದು ಹೇಗೆ ಅಂತ ಬರೆಯುತ್ತೇನೆ. ಕಥೆಯ ಕೊನೆಯೂ ಇಲ್ಲಿ ಬರುತ್ತದೆ, ಓದಿಲ್ಲದವರು ಮೊದಲು ಪುಸ್ತಕ ಓದಿ ಬನ್ನಿ.

ಗೊತ್ತಿಲ್ಲದವರಿಗೆ ಒಂದೆರಡು ಮಾತು. ಅಲನ್ ಮೂರ್ ಬರೆದು, ಡೇವ್ ಗಿಬನ್ಸ್ ಚಿತ್ರ ಬಿಡಿಸಿ, ಜಾನ್ ಹಿಗಿನ್ಸ್ ಬಣ್ಣ ಹಾಕಿದ, ಮುಖವಾಡ ಹಾಕಿ ಅಪರಾಧಿಗಳನ್ನು ಎದುರಿಸುವವರ ಈ ಕಥೆ 1986-87ರಲ್ಲಿ 12 ಸಂಚಿಕೆಗಳಾಗಿ ಬಂತು. ಸಿನಿಮಾ ಬಂದಿದ್ದು 2009ರಲ್ಲಿ, ನಿರ್ದೇಶಕ ಝ್ಯಾಕ್ ಸ್ನೈಡರ್. ಸಿನಿಮಾದಲ್ಲಿ ಮೂರ್ ಹೆಸರೇ ಇಲ್ಲ, ಬೇಡ ಅಂತ ಅವರೇ ಹೇಳಿದ್ದರು. ಗಿಬನ್ಸ್ ಹೆಸರು ಮಾತ್ರ ಬರುತ್ತದೆ.

ನಾನು ಮಾಡಿದ್ದು ಇಷ್ಟೇ. ಸಂಜೆ ಒಂದು ಅಧ್ಯಾಯ ಓದೋದು. ಮಾರನೇ ದಿನ ಸಿನಿಮಾದಲ್ಲಿ ಆ ಭಾಗ ಎಲ್ಲಿದೆಯೋ ಅಲ್ಲಿಗೆ ಹೋಗಿ, ಪುಸ್ತಕ ತೊಡೆ ಮೇಲೆ ಇಟ್ಟುಕೊಂಡು, ನಿಲ್ಲಿಸಿ ನಿಲ್ಲಿಸಿ ನೋಡೋದು. ಒಂದು ನೋಟ್‌ಬುಕ್ಕಿನ ಎಡಪುಟದಲ್ಲಿ ಸಿನಿಮಾ ಹಾಗೇ ಉಳಿಸಿಕೊಂಡಿದ್ದು, ಬಲಪುಟದಲ್ಲಿ ಕಾಣೆಯಾಗಿದ್ದು. ಬಲಪುಟವೇ ಬೇಗ ತುಂಬುತ್ತದೆ ಅಂದುಕೊಂಡಿದ್ದೆ. ಮೊದಲ ಮೂರು ದಿನ ತುಂಬಿದ್ದು ಎಡಪುಟ. ಕೋನ, ನೆರಳು, ಗೋಡೆ ಮೇಲಿನ ಪೋಸ್ಟರ್, ಮಾತುಗಳು, ಎಷ್ಟೋ ಕಡೆ ಗಿಬನ್ಸ್ ಬಿಡಿಸಿದ ಚೌಕವನ್ನೇ ಎತ್ತಿ ಪರದೆ ಮೇಲೆ ಇಟ್ಟಿದ್ದಾರೆ. ಇಷ್ಟು ಪ್ರೀತಿಯಿಂದ ಮಾಡಿದ್ದನ್ನು ನಾನು ಮೊದಲ ಸಲ ಸಿಟ್ಟಿನಲ್ಲಿ ನೋಡಿಯೇ ಇರಲಿಲ್ಲ ಅಂತ ನಿಜವಾಗಿ ಬೇಜಾರಾಯಿತು.

ಹಾಗಾದರೆ ನೋಡುವಾಗ ಪುಸ್ತಕದ ಅನುಭವ ಯಾಕೆ ಆಗಲ್ಲ? ಮೊದಲ ಸುಳಿವು ಸಿಕ್ಕಿದ್ದು ಕಮೀಡಿಯನ್ ಅನ್ನುವ ಮುಖವಾಡದವನ ಕೊಲೆಯಲ್ಲಿ. ಪುಸ್ತಕದಲ್ಲಿ ಇಬ್ಬರು ಪತ್ತೇದಾರರು ಅವನ ಮನೆಯಲ್ಲಿ ನಿಂತು ಏನಾಗಿರಬಹುದು ಅಂತ ಮಾತಾಡುತ್ತಿರುತ್ತಾರೆ, ಮಧ್ಯೆ ಮಧ್ಯೆ ಕೆಂಪು ಬಣ್ಣದ ಕೆಲವೇ ಚೌಕಗಳಲ್ಲಿ ಆ ಹೊಡೆದಾಟ ಬಂದು ಹೋಗುತ್ತದೆ. ಒಬ್ಬ ವಯಸ್ಸಾದ ಮನುಷ್ಯ ಹೊಡೆತ ತಿಂದು ಕಿಟಕಿಯಿಂದ ಕೆಳಗೆ ಬೀಳುತ್ತಾನೆ, ಅಷ್ಟೇ. ಸಿನಿಮಾದಲ್ಲಿ ಅದೇ ಒಂದು ದೊಡ್ಡ ಫೈಟ್. ಹಿನ್ನೆಲೆಯಲ್ಲಿ ಹಳೇ ಪ್ರೇಮಗೀತೆ, ಕಲ್ಲು ಪುಡಿಯಾಗುವ ಹೊಡೆತ, ಸ್ಲೋ ಮೋಷನ್. ನೋಡೋಕೆ ಚೆನ್ನಾಗಿದೆ, ಅದೇ ತೊಂದರೆ. ಈ ಪುಸ್ತಕದ ಮುಖವಾಡದವರಲ್ಲಿ ಡಾ. ಮ್ಯಾನ್‌ಹಟನ್ ಒಬ್ಬನನ್ನು ಬಿಟ್ಟರೆ ಯಾರಿಗೂ ಅತಿಮಾನುಷ ಶಕ್ತಿ ಇಲ್ಲ. ಮಂಡಿ ನೋವು ಬರುವ, ಹೊಟ್ಟೆ ಬಂದಿರುವ ಜನ ಅವರು. ಸಿನಿಮಾದಲ್ಲಿ ಎಲ್ಲರೂ ಗೋಡೆ ಒಡೆಯುತ್ತಾರೆ.

ಎರಡನೇ ಸುಳಿವು ನಾಲ್ಕನೇ ಅಧ್ಯಾಯ. ಮಂಗಳ ಗ್ರಹದಲ್ಲಿ ಒಬ್ಬನೇ ಕೂತ ಡಾ. ಮ್ಯಾನ್‌ಹಟನ್ ಕೈಯಲ್ಲಿ 1959ರಲ್ಲಿ ತೆಗೆದ ಒಂದು ಫೋಟೊ. ಅವನಿಗೆ ಹಿಂದಿನದು ಮುಂದಿನದು ಎಲ್ಲ ಒಟ್ಟಿಗೇ ಕಾಣುತ್ತದೆ. ಒಂದು ಚೌಕದಲ್ಲಿ ಫೋಟೊ ಕೈಯಲ್ಲಿದೆ, ಪಕ್ಕದ ಚೌಕದಲ್ಲಿ ಮರಳ ಮೇಲೆ ಬಿದ್ದಿದೆ, ಒಂದೇ ಪುಟದಲ್ಲಿ ಎರಡೂ ನಮ್ಮ ಕಣ್ಣ ಮುಂದೆ. ಅಂದರೆ ಅವನು ಕಾಲವನ್ನು ಹೇಗೆ ನೋಡುತ್ತಾನೋ, ನಾವೂ ಪುಟವನ್ನು ಹಾಗೇ ನೋಡುತ್ತಿದ್ದೇವೆ! ಇದು ಹೊಳೆದ ದಿನ ನಾನು ಆ ಅಧ್ಯಾಯವನ್ನು ಮತ್ತೆ ಮೊದಲಿಂದ ಓದಿದೆ. ಸಿನಿಮಾದ ಆ ಭಾಗವೂ ನನಗೆ ಬಹಳ ಇಷ್ಟ. ಫಿಲಿಪ್ ಗ್ಲಾಸ್ ಸಂಗೀತ, ಆ ಪಾತ್ರ ಮಾಡಿದ ಬಿಲ್ಲಿ ಕ್ರುಡಪ್‌ನ ತಣ್ಣನೆಯ ದನಿ, ಇಡೀ ಸಿನಿಮಾದಲ್ಲಿ ನನ್ನ ಕಣ್ಣು ಒದ್ದೆಯಾಗಿದ್ದು ಅಲ್ಲೇ. ಆದರೆ ಅಲ್ಲಿ ಕಾಲ ಒಂದಾದ ಮೇಲೆ ಒಂದು ಸರಿಯುತ್ತದೆ, ನಾವು ಅದರ ಹಿಂದೆ ಹೋಗುತ್ತೇವೆ. ಐದನೇ ಅಧ್ಯಾಯವಂತೂ ಕನ್ನಡಿಯ ಹಾಗೆ ಕಟ್ಟಿದ್ದು, ಮೊದಲ ಪುಟದ ಚೌಕಗಳ ಜೋಡಣೆ ಕೊನೆಯ ಪುಟದಲ್ಲಿ ತಿರುಗಿ ಬರುತ್ತದೆ, ಎರಡನೆಯದು ಕೊನೆಯಿಂದ ಎರಡನೆಯದರಲ್ಲಿ, ಹೀಗೆ ನಟ್ಟನಡುವಿನ ಜೋಡಿಪುಟದ ತನಕ. ಅದನ್ನು ಕಾಣಬೇಕಾದರೆ ಹಿಂದೆ ಮುಂದೆ ಪುಟ ಮಗುಚಬೇಕು. ಥಿಯೇಟರಿನಲ್ಲಿ ಕೂತವರಿಗೆ ಆ ಅವಕಾಶ ಎಲ್ಲಿದೆ? ಇದಕ್ಕೆ ಸ್ನೈಡರ್ ಮೇಲೆ ತಪ್ಪು ಹೊರಿಸೋದು ಸರಿಯಲ್ಲ.

ಅವರು ಪುಸ್ತಕವನ್ನು ಬಿಟ್ಟು ಸಿನಿಮಾದ ದಾರಿಯಲ್ಲೇ ಹೋದ ಕಡೆ ಎಷ್ಟು ಚೆನ್ನಾಗಿ ಮಾಡಿದ್ದಾರೆ ಅನ್ನೋದನ್ನೂ ಹೇಳಲೇಬೇಕು. ಶುರುವಿನಲ್ಲಿ ಹೆಸರುಗಳು ಬರುವಾಗ ಬಾಬ್ ಡಿಲನ್ ಹಾಡಿನ ಜೊತೆ, ಸ್ಟುಡಿಯೋ ಫೋಟೊಗಳಿಗೆ ನಿಧಾನಕ್ಕೆ ಜೀವ ಬಂದ ಹಾಗೆ, 1940ರ ದಶಕದಿಂದ ಆ ಬೇರೆಯದೇ ಅಮೆರಿಕದ ಚರಿತ್ರೆ ಹಾದು ಹೋಗುತ್ತದೆ. ಪುಸ್ತಕದಲ್ಲಿ ಚೂರು ಚೂರಾಗಿ ಎಲ್ಲೆಲ್ಲೋ ಇರುವ ಸಂಗತಿಗಳು, ಕೆಲವು ಪುಸ್ತಕದಲ್ಲಿ ಇಲ್ಲವೇ ಇಲ್ಲ, ಕೆಲವೇ ನಿಮಿಷದಲ್ಲಿ ಹೆಚ್ಚುಕಡಿಮೆ ಮಾತೇ ಇಲ್ಲದೆ ತಲುಪುತ್ತವೆ. ಇಡೀ ಸಿನಿಮಾ ಇದೇ ಧೈರ್ಯದಲ್ಲಿ ಇದ್ದಿದ್ದರೆ ಅಂತ ಈಗಲೂ ಅನಿಸುತ್ತದೆ.

ಇನ್ನು ಸ್ಕ್ವಿಡ್. ನನ್ನ ಹಳೇ ಜಗಳ. ಪುಸ್ತಕದಲ್ಲಿ ಅಮೆರಿಕ-ಸೋವಿಯತ್ ಯುದ್ಧ ತಪ್ಪಿಸೋಕೆ ಅಂತ ಅದನ್ನು ಕಳಿಸೋದು ಒಝಿಮ್ಯಾಂಡಿಯಸ್, ಮುಖವಾಡದವರಲ್ಲೇ ಒಬ್ಬ. ಸಿನಿಮಾದಲ್ಲಿ ಅವನು ಹಲವು ದೊಡ್ಡ ನಗರಗಳನ್ನು ನಾಶ ಮಾಡಿ ತಪ್ಪನ್ನು ಡಾ. ಮ್ಯಾನ್‌ಹಟನ್ ತಲೆಗೆ ಕಟ್ಟುತ್ತಾನೆ. ಕಥೆಯ ಒಳಗಿನ ಎಳೆಯನ್ನೇ ತಗೊಂಡು ಹೆಣೆದ ಬದಲಾವಣೆ ಇದು, ಪ್ರಾಣಿಯನ್ನು ತಯಾರಿಸಿದ ದ್ವೀಪ, ಕಾಣೆಯಾದ ಕಲಾವಿದರು, ಇದಕ್ಕೆಲ್ಲ ಸಿನಿಮಾದಲ್ಲಿ ಜಾಗವೇ ಇರಲಿಲ್ಲ. ನನ್ನ ಒಂದು ತಕರಾರು ಮಾತ್ರ ಉಳಿದಿದೆ. ಪ್ರಾಣಿ ಯಾವುದೋ ಬೇರೆ ಲೋಕದಿಂದ ಬಂದಿದ್ದು ಅಂತ ನಂಬಿದ್ದರಿಂದ ಅಮೆರಿಕ, ಸೋವಿಯತ್ ಎರಡೂ ಒಂದಾಗುತ್ತವೆ. ಡಾ. ಮ್ಯಾನ್‌ಹಟನ್ ಆದರೋ ಅಮೆರಿಕದ್ದೇ ಆಯುಧ, ವಿಯೆಟ್ನಾಂ ಯುದ್ಧ ಗೆದ್ದುಕೊಟ್ಟವನು. ಅವನು ಮಾಸ್ಕೋವನ್ನು ಸುಟ್ಟರೆ ರಷ್ಯನ್ನರು ಅಮೆರಿಕದ ಜೊತೆ ಕೈಕುಲುಕುತ್ತಾರಾ? ನನಗೆ ಒಪ್ಪಿಗೆಯಿಲ್ಲ. ಆದರೂ ಇದಕ್ಕಾಗಿ ಇಡೀ ಸಿನಿಮಾ ಬೈಯಬೇಕಾಗಿರಲಿಲ್ಲ.

ಹನ್ನೊಂದನೇ ಅಧ್ಯಾಯಕ್ಕೆ ಬಂದ ದಿನ ನೋಟ್‌ಬುಕ್ಕಿನ ಬಲಪುಟ ಒಂದೇ ಸಲಕ್ಕೆ ತುಂಬಿತು.

ಪುಸ್ತಕದಲ್ಲಿ ಒಂದು ರಸ್ತೆ ಮೂಲೆ ಇದೆ. ಅಲ್ಲೊಬ್ಬ ವಯಸ್ಸಾದ ಪೇಪರ್ ಅಂಗಡಿಯವನು, ಸದಾ ಮಾತು, ಯುದ್ಧ ಬರುತ್ತೆ ನೋಡ್ತಿರಿ ಅಂತ ಬಂದವರಿಗೆಲ್ಲ ಹೇಳೋದು. ಅವನ ಅಂಗಡಿ ಪಕ್ಕ ಒಬ್ಬ ಹುಡುಗ ಕಡಲುಗಳ್ಳರ ಕಾಮಿಕ್ಸ್ ಓದುತ್ತಾ ಕೂತಿರುತ್ತಾನೆ, ದುಡ್ಡು ಕೊಟ್ಟು ಕೊಳ್ಳಲ್ಲ. ಮೂರನೇ ಅಧ್ಯಾಯದಿಂದ ಈ ಇಬ್ಬರೂ ಬರುತ್ತಲೇ ಇರುತ್ತಾರೆ. ಟ್ಯಾಕ್ಸಿ ಓಡಿಸುವ ಜೋಯಿ, ಮೊದಲ ಅಧ್ಯಾಯದ ಆ ಪತ್ತೇದಾರರು, ಜೈಲಿನಲ್ಲಿ ಇನ್ನೊಬ್ಬ ಮುಖವಾಡದವನಾದ ರೋರ್ಶಾಕ್‌ನನ್ನು ಪರೀಕ್ಷೆ ಮಾಡಿದ ಮನೋವೈದ್ಯ ಮಾಲ್ಕಮ್ ಲಾಂಗ್, ಅವನ ಹೆಂಡತಿ. ಮೊದಲ ಓದಿನಲ್ಲಿ ಇವರೆಲ್ಲ ಸುಮ್ನೆ ಹಾದುಹೋಗುವ ಜನ ಅನಿಸುತ್ತಾರೆ. ಹನ್ನೊಂದನೇ ಅಧ್ಯಾಯದಲ್ಲಿ ಎಲ್ಲರೂ ಒಂದೇ ಹೊತ್ತಿಗೆ ಆ ಮೂಲೆಗೆ ಬಂದು ಸೇರುತ್ತಾರೆ. ರಸ್ತೆಯಲ್ಲಿ ಒಂದು ಜಗಳ ನಡೆಯುತ್ತಿರುತ್ತದೆ. ಲಾಂಗ್‌ನ ಹೆಂಡತಿ ಅವನ ಜೊತೆ ಮತ್ತೆ ಬಾಳೋಣ ಅಂತಲೇ ಅಲ್ಲಿಗೆ ಬಂದಿರುತ್ತಾಳೆ, ಈಗ ನೀನು ಆ ಜಗಳಕ್ಕೆ ಹೋದರೆ ನಾನು ವಾಪಸ್ ಬರಲ್ಲ ಅನ್ನುತ್ತಾಳೆ. ಅವನು ಹೋಗುತ್ತಾನೆ. ಅವನಷ್ಟೇ ಅಲ್ಲ, ಸುತ್ತ ಇದ್ದ ಇನ್ನೂ ಕೆಲವರು ಬಿಡಿಸೋಕೆ ಓಡುತ್ತಾರೆ. ಅದೇ ಕ್ಷಣಕ್ಕೆ ಸ್ಕ್ವಿಡ್ ಬಂದು ಬೀಳುವ ಬೆಳಕು ಬರುತ್ತದೆ. ಸ್ವಲ್ಪ ಮೊದಲು ಹೆಸರು ಕೇಳಿಕೊಂಡು ಇಬ್ಬರದೂ ಬರ್ನಾರ್ಡ್ ಅಂತ ಕಂಡುಕೊಂಡ ಮುದುಕ ಮತ್ತು ಹುಡುಗ ಒಬ್ಬರನ್ನೊಬ್ಬರು ತಬ್ಬಿಕೊಂಡು ಬಿಳಿ ಬಣ್ಣದಲ್ಲಿ ಕರಗಿ ಹೋಗುತ್ತಾರೆ.

ಹನ್ನೆರಡನೆಯ ಅಧ್ಯಾಯದ ಮೊದಲ ಆರು ಪುಟಗಳು ಪುಟಕ್ಕೊಂದೇ ಚಿತ್ರ, ಎಲ್ಲ ಹೆಣಗಳು. ಅಲ್ಲಿಯ ತನಕ ಪುಟಕ್ಕೆ ಒಂಬತ್ತು ಚೌಕದ ಲೆಕ್ಕದಲ್ಲಿ ಓದಿಕೊಂಡು ಬಂದವರಿಗೆ ಉಸಿರು ನಿಂತ ಹಾಗಾಗುತ್ತದೆ. ಅವರಲ್ಲಿ ಎಷ್ಟೋ ಜನರ ಹೆಸರು ನಮಗೆ ಗೊತ್ತು.

ಥಿಯೇಟರಿನಲ್ಲಿ ಬಂದ 162 ನಿಮಿಷದ ಸಿನಿಮಾದಲ್ಲಿ ಈ ಮೂಲೆ ಹೆಚ್ಚುಕಡಿಮೆ ಇಲ್ಲ. ಮುದುಕ, ಹುಡುಗ ಬಂದರೂ ಅವರು ಯಾರು ಅಂತ ನಮಗೆ ತಿಳಿಯುವಷ್ಟು ಹೊತ್ತು ಇರಲ್ಲ. ಲಾಂಗ್ ಜೈಲಿನಲ್ಲಿ ಸ್ವಲ್ಪ ಹೊತ್ತು ಕಾಣುತ್ತಾನೆ, ಅವನ ಮನೆ, ಸಂಸಾರ, ರೋರ್ಶಾಕ್‌ನ ಕಥೆ ಕೇಳಿ ಕೇಳಿ ಅವನು ಒಳಗೇ ಕುಸಿಯೋದು ಇಲ್ಲ. ಹೀಗಾಗಿ ನಗರಗಳು ಹೋದಾಗ ನಮಗೆ ಕಾಣೋದು ಕಟ್ಟಡಗಳು, ನೀಲಿ ಬೆಳಕು, ಲಕ್ಷಗಟ್ಟಲೆ ಅನ್ನುವ ಲೆಕ್ಕ. ಒಝಿಮ್ಯಾಂಡಿಯಸ್ ಮಾಡಿದ್ದು ಸರಿಯೋ ತಪ್ಪೋ ಅಂತ ಆಮೇಲೆ ನಾಯಕರು ವಾದ ಮಾಡುವಾಗ ಸತ್ತವರ ಕಡೆಯಿಂದ ಮಾತಾಡೋಕೆ ಪರದೆ ಮೇಲೆ ಯಾರೂ ಇಲ್ಲ. ಸ್ಕ್ವಿಡ್ ಇದ್ದಿದ್ದರೂ ಇದು ಸರಿಹೋಗುತ್ತಿರಲಿಲ್ಲ ಅಲ್ವಾ?

ಆಮೇಲೆ 215 ನಿಮಿಷದ ಆವೃತ್ತಿ ನೋಡಿದೆ. ಅದರಲ್ಲಿ ಕಡಲುಗಳ್ಳರ ಕಥೆಯನ್ನು ಅನಿಮೇಷನ್ ಆಗಿ ಮಧ್ಯೆ ಹೊಲಿದಿದ್ದಾರೆ, ಪೇಪರ್ ಅಂಗಡಿಯೂ ಇದೆ. ಓಟ ಅಲ್ಲಲ್ಲಿ ಮುಗ್ಗರಿಸುತ್ತದೆ, ನಿಜ. ಆದರೂ ಅದೇ ನನಗೆ ಜಾಸ್ತಿ ಇಷ್ಟ. ಹುಡುಗ ಕಾಮಿಕ್ಸ್ ಹಿಡಿದು ಕೂತಿದ್ದನ್ನು ಕಂಡಾಗ ಊರವರು ಸಿಕ್ಕಷ್ಟು ಖುಷಿಯಾಯಿತು.

ನನ್ನ ತಂಗಿ ಸಿನಿಮಾ ಮಾತ್ರ ನೋಡಿದ್ದವಳು. ಅವಳಿಗೆ ಪುಸ್ತಕ ಕೊಟ್ಟಾಗ ಸ್ಕ್ವಿಡ್ ಬಗ್ಗೆ ಬಾಯಿ ಬಿಡಲಿಲ್ಲ. ಮೂರನೇ ಅಧ್ಯಾಯದಿಂದ ಆ ಮೂಲೆಯ ಮೇಲೆ ಕಣ್ಣಿಟ್ಟಿರು ಅಂದೆ, ಅಷ್ಟೇ. ಎರಡು ವಾರ ಆದ ಮೇಲೆ ಒಂದು ರಾತ್ರಿ ಫೋನ್ ಮಾಡಿದಳು. ಹಲೋ ಕೂಡ ಇಲ್ಲ.

"ಅಣ್ಣ, ಆ ಡಾಕ್ಟರ್ ಯಾಕೆ ಜಗಳ ಬಿಡಿಸೋಕೆ ಹೋದ? ಹೆಂಡ್ತಿ ಬಂದಿದ್ಳಲ್ಲ."

ನಾನು ಪುಸ್ತಕ ತೆಗೆದು ಆ ಪುಟ ಹುಡುಕಿದೆ. ಇಬ್ಬರೂ ಬಹಳ ಹೊತ್ತು ಮಾತಾಡಿದೆವು.