ಪಿಕೊ ಬೋರ್ಡ್‌ ಕೋಡಿಗೆ ಡಾಕರ್ ಬುತ್ತಿ ಕಟ್ಟುವುದು ಹೇಗೆ?

“ನನ್ನ ಕಂಪ್ಯೂಟರ್‌ನಾಗ ಓಡ್ತದ, ನಿಂದ್ರಾಗ ಯಾಕ ಓಡವಲ್ದು?” ರಾಯಚೂರಿನಲ್ಲಿ ಪ್ರಾಜೆಕ್ಟ್ ಮಾಡುವ ಹುಡುಗರ ರೂಮಿನಲ್ಲಿ ಕೇಳುವ ಮಾತಿದು. ಗದ್ದೆಯ ನೀರಿನ ಮಟ್ಟ ನೋಡಿ ಪಂಪ್ ನಿಲ್ಲಿಸುವ ಬೋರ್ಡ್ ಒಂದೇ, ರಾಸ್ಪ್‌ಬೆರಿ ಪೈ ಪಿಕೊ ಎಂಬ ಪುಟ್ಟ ಚಿಪ್ಪಿನ ಬೋರ್ಡ್. ಕೋಡನ್ನು ಚಿಪ್ಪಿಗೆ ತಿಳಿಯುವಂತೆ ಬದಲಿಸುವ ಕಂಪೈಲರ್ ಮಾತ್ರ ಒಬ್ಬನದು ಹಳೆಯದು, ಇನ್ನೊಬ್ಬನದು ಹೊಸದು.

ಇದಕ್ಕೆ ಕಂಟೇನರ್ ಮದ್ದು, ಅದನ್ನು ಕಟ್ಟಿಕೊಡುವ ಸಾಫ್ಟ್‌ವೇರೇ ಡಾಕರ್. ಹೊಲಕ್ಕೆ ಹೋಗುವಾಗ ರೊಟ್ಟಿ, ಪಲ್ಯ, ಶೇಂಗಾ ಚಟ್ನಿ ಎಲ್ಲ ಒಂದೇ ಬಟ್ಟೆಯಲ್ಲಿ ಕಟ್ಟುತ್ತೇವಲ್ಲ, ಹಾಗೆ ಕಂಪೈಲರ್, ಲೈಬ್ರರಿ, ಸಿಮೇಕ್ (ಕಂಪೈಲ್ ಹೇಗೆ ಆಗಬೇಕೆಂದು ಹೊಂದಿಸುವ ಸಾಧನ) ಎಲ್ಲವನ್ನೂ ಗಂಟು ಕಟ್ಟುವುದು. ಎಲ್ಲಿ ಬಿಚ್ಚಿದರೂ ಊಟ ಅದೇ.

ಮೊದಲು ಡಾಕರ್ ಹಾಕಿಕೊಳ್ಳಿ. 8 ಜಿಬಿ ರ‍್ಯಾಮ್ ಇದ್ದರೆ ಸಾಕು. ಉಬುಂಟು ಆದರೆ ‘ಡಾಕರ್ ಡಾಟ್ ಐಒ’ ಪ್ಯಾಕೇಜ್ ಹಾಕಿ, ನಿಮ್ಮ ಯೂಸರ್ ಹೆಸರನ್ನು ಡಾಕರ್ ಗ್ರೂಪಿಗೆ ಸೇರಿಸಿ, ಒಮ್ಮೆ ಲಾಗ್‌ಔಟ್ ಆಗಿ ಬನ್ನಿ. ವಿಂಡೋಸ್‌ನವರು ಬಯೋಸ್‌ನಲ್ಲಿ ವರ್ಚುವಲೈಸೇಶನ್ ಆನ್ ಮಾಡಿ, ಡಬ್ಲ್ಯುಎಸ್‌ಎಲ್ 2 (ವಿಂಡೋಸ್ ಒಳಗೆ ಲಿನಕ್ಸ್ ಓಡಿಸುವ ಸೌಲಭ್ಯ) ಜೊತೆ ಡಾಕರ್ ಡೆಸ್ಕ್‌ಟಾಪ್ ಹಾಕಬೇಕು.

ಈಗ ಡಾಕರ್‌ಫೈಲ್. ಗಂಟಿನಲ್ಲಿ ಏನೇನಿರಬೇಕು ಎಂದು ಸಾಲುಸಾಲಾಗಿ ಬರೆಯುವ ಫೈಲ್ ಇದು. ನಿಜವಾದ ಕೆಲಸ ಇರುವುದು ಇಲ್ಲೇ. ಮೊದಲ ಸಾಲಿನಲ್ಲಿ ‘ಡೆಬಿಯನ್ 12’ ಎಂದು (ಅದೊಂದು ಬಗೆಯ ಲಿನಕ್ಸ್) ನಂಬರ್ ಸಮೇತ ಬರೆಯಿರಿ. ‘ಲೇಟೆಸ್ಟ್’ ಅಂತ ಬರೆಯಬೇಡಿ. ಇವತ್ತಿನ ಲೇಟೆಸ್ಟ್ ಬೇರೆ, ಮುಂದಿನ ಸೆಮಿಸ್ಟರ್‌ದು ಬೇರೆ. ಎರಡನೇ ಸಾಲಿನಲ್ಲಿ ಆರ್ಮ್ ಜಿಸಿಸಿ (ಪಿಕೊ ಚಿಪ್ಪಿನ ಕಂಪೈಲರ್), ನ್ಯೂಲಿಬ್ (ಅದರ ಸಿ ಲೈಬ್ರರಿ), ಸಿಮೇಕ್, ಪೈಥಾನ್, ಗಿಟ್. ಮೂರನೆಯದರಲ್ಲಿ ಪಿಕೊ ಎಸ್‌ಡಿಕೆ (ಪಿಕೊಗೆ ಕೋಡ್ ಬರೆಯಲು ಬೇಕಾದ ಲೈಬ್ರರಿಗಳ ಕಟ್ಟು), ಅದಕ್ಕೂ ಆವೃತ್ತಿ ಸಂಖ್ಯೆ ಇರಲಿ.

ಜಾಸ್ತಿ ಡೌನ್‌ಲೋಡ್ ಇರುವ ಸಾಲುಗಳು ಮೇಲಿರಬೇಕು. ಯಾಕಂದ್ರೆ ಡಾಕರ್ ಒಂದೊಂದು ಸಾಲನ್ನೂ ಒಂದೊಂದು ಪದರವಾಗಿ ಉಳಿಸಿಕೊಳ್ಳುತ್ತದೆ. ಮೇ ತಿಂಗಳ ಮಧ್ಯಾಹ್ನ ನಡುವೆ ಕರೆಂಟ್ ಹೋಯಿತು ಅನ್ನಿ, ಮುಗಿದ ಸಾಲುಗಳು ಹಾಗೇ ಇರುತ್ತವೆ. ಅರ್ಧಕ್ಕೆ ನಿಂತ ಸಾಲಿನಿಂದ ಮತ್ತೆ ಶುರು. ಶಕ್ತಿನಗರದಲ್ಲಿ ವಿದ್ಯುತ್ ಸ್ಥಾವರ ಇಟ್ಟುಕೊಂಡೂ ನಾವು ಕಲಿತ ಜಾಣತನ ಇದು!

ಡಾಕರ್‌ಫೈಲ್ ಇರುವ ಫೋಲ್ಡರ್‌ನಲ್ಲಿ ನಿಂತು ‘ಡಾಕರ್ ಬಿಲ್ಡ್’ ಕೊಡಿ, ಗಂಟು ಸಿದ್ಧ. ಆ ಕಮಾಂಡ್‌ನ ಕೊನೆಯಲ್ಲಿ ಒಂದು ಚುಕ್ಕೆ ಇದೆ, ‘ಈ ಫೋಲ್ಡರ್’ ಅಂತ ಅದರ ಅರ್ಥ. ಬಹಳ ಜನ ಮರೆಯುವುದು ಅದನ್ನೇ. ಗೆಳೆಯನ ಊರಲ್ಲಿ ನೆಟ್ ನಿಧಾನವೇ? ‘ಡಾಕರ್ ಸೇವ್’ ಕೊಟ್ಟು ಆ ಗಂಟನ್ನು ಪೆನ್‌ಡ್ರೈವ್‌ಗೆ ತುಂಬಿ. ಅವನು ‘ಡಾಕರ್ ಲೋಡ್’ ಮಾಡಿಕೊಳ್ಳಲಿ.

ಕಂಪೈಲ್ ಮಾಡಲು ‘ಡಾಕರ್ ರನ್’. ‘ಮೈನಸ್ ವಿ’ ಕೊಟ್ಟು ನಿಮ್ಮ ಕೋಡ್ ಫೋಲ್ಡರನ್ನು ಒಳಗೆ ಜೋಡಿಸಿ. ಉಬುಂಟುನಲ್ಲಿ ‘ಮೈನಸ್ ಯು’ ಕೊಟ್ಟು ನಿಮ್ಮ ಯೂಸರ್ ಐಡಿಯನ್ನೂ ಹಾಕಿ. ಇಲ್ಲದಿದ್ದರೆ ಹುಟ್ಟಿದ ಫೈಲ್‌ಗಳಿಗೆಲ್ಲ ರೂಟ್ (ಲಿನಕ್ಸ್‌ನ ಎಲ್ಲ ಅಧಿಕಾರ ಇರುವ ಯೂಸರ್) ಯಜಮಾನ. ರೂಟ್ ಅಧಿಕಾರ ಕೊಡುವ ಸುಡೊ ಕಮಾಂಡ್ ಇಲ್ಲದೆ ಅಳಿಸಲೂ ಆಗಲ್ಲ.

ಬೋರ್ಡಿಗೆ ಕೋಡ್ ಹಾಕುವುದೂ ಕಂಟೇನರ್ ಒಳಗಿಂದಲೇ ಆಗಬೇಕು ಅಂತ ಹಟ ಬೇಡ. ಯುಎಸ್‌ಬಿಯನ್ನು ಒಳಗೆ ಕಾಣಿಸುವಂತೆ ಮಾಡುವುದು, ಅದರಲ್ಲೂ ವಿಂಡೋಸ್‌ನಲ್ಲಿ, ಸುಮ್ನೆ ತಲೆನೋವು. ಪಿಕೊಗೆ ಅದು ಬೇಕಾಗಿಯೂ ಇಲ್ಲ. ಬೂಟ್‌ಸೆಲ್ ಬಟನ್ ಒತ್ತಿ ಹಿಡಿದೇ ಕೇಬಲ್ ಚುಚ್ಚಿ. ‘ಆರ್‌ಪಿಐ-ಆರ್‌ಪಿ2’ ಎಂಬ ಡ್ರೈವ್ ಬರುತ್ತದೆ. ಕಂಟೇನರ್‌ನಲ್ಲಿ ಕಂಪೈಲ್ ಆಗಿ ಬಂದ ಯುಎಫ್2 ಫೈಲನ್ನು ಅದರೊಳಗೆ ಎಳೆದು ಹಾಕಿ. ಡ್ರೈವ್ ತಾನೇ ಮಾಯವಾಗಿ ಕೋಡ್ ಓಡುತ್ತದೆ.

ಡ್ರೈವ್ ಕಾಣಿಸದಿದ್ದರೆ ಡಾಕರ್‌ನ ಬೈಯಬೇಡಿ, ಮೊದಲು ಕೇಬಲ್ ಬದಲಿಸಿ. ಬರೀ ಚಾರ್ಜಿಂಗ್‌ಗೆ ಆಗುವ ಕೇಬಲ್ ಹಿಡಿದು ನಾನು ಒಂದಿಡೀ ಸಂಜೆ ಕೂತಿದ್ದೆ.