ಕಕ್ಕಡದ ಕೆಸರಲ್ಲಿ ಮೂರು ಬೈಕು

ಶೋರೂಮಿನವರು ಕೊಟ್ಟ ಟೆಸ್ಟ್ ರೈಡ್ ಎರಡೇ ಕಿಲೋಮೀಟರ್. ಪೆಟ್ರೋಲ್ ಬಂಕ್ ತನಕ ಹೋಗಿ ವಾಪಸ್. ಹಿಂದೆ ಅವರ ಹುಡುಗ ಕೂತಿದ್ದ. ಮೂರನೇ ಗೇರ್ ಹಾಕಿದ ತಕ್ಷಣ "ಸಾಕು ಸಾರ್, ಸಾಕು" ಅನ್ನುತ್ತಿದ್ದ. ಟೈರು ಕಲ್ಲಿನ ಹಾಗೆ ಗಟ್ಟಿ. ಗಾಳಿ ಎಷ್ಟಿದೆ ಅಂತ ಕೇಳಿದೆ, ಅವನಿಗೂ ಗೊತ್ತಿರಲಿಲ್ಲ. ಇಷ್ಟರಲ್ಲಿ ಎರಡು ಲಕ್ಷದ ಗಾಡಿ ಆರಿಸಬೇಕಂತೆ. ಮದುವೆಗೆ ಹೆಣ್ಣು ನೋಡೋದಕ್ಕಾದರೂ ಒಂದು ಕಾಫಿ ಕುಡಿಯುವಷ್ಟು ಸಮಯ ಸಿಗುತ್ತದೆ, ಅಲ್ವಾ?

ನಮ್ಮ ಕಾಫಿ ತೋಟ ಮಡಿಕೇರಿ ಹತ್ತಿರದ ಗಾಳಿಬೀಡು ಕಡೆ. ಟಾರು ರಸ್ತೆ ಬಿಟ್ಟು ಮನೆ ಮುಟ್ಟೋಕೆ ಮಣ್ಣಿನ ದಾರಿ, ಮನೆಯಿಂದ ಕೆಲಸದವರ ಲೈನ್ ಮನೆಗಳಿಗೆ ಅದಕ್ಕಿಂತ ಕೆಟ್ಟ ದಾರಿ. ಬೇಸಿಗೆಯಲ್ಲಿ ಯಾವ ಬೈಕೂ ಹೋಗುತ್ತದೆ. ಜೂನ್ ಬಂತೆಂದರೆ ಕೆಂಪು ಮಣ್ಣು ಸೋಪಿನ ಹಾಗೆ ಆಗುತ್ತದೆ. ಅದರ ಮೇಲೆ ಸಿಲ್ವರ್ ಓಕ್ ಎಲೆ ಉದುರಿ ಕೊಳೆತಿರುತ್ತದೆ. ನನ್ನ ಹಳೇ 100 ಸಿಸಿ ಗಾಡಿ ಹದಿನಾಲ್ಕು ಮಳೆಗಾಲ ಕಂಡಿತ್ತು. ಇನ್ನು ಅದರಿಂದ ಆಗಲ್ಲ ಅಂತ ಗೊತ್ತಾಗಿತ್ತು.

ಹೀಗಿರುವಾಗ ಕೊಡವರ ಮಳೆಗಾಲದ ತಿಂಗಳು ಕಕ್ಕಡದ 18ನೇ ದಿನ ಬಂತು. ಅಂದರೆ ಆಗಸ್ಟ್ 3. ಮದ್ದು ಸೊಪ್ಪಿನ ಪಾಯಸಕ್ಕೆ ನೆಂಟರೆಲ್ಲ ಸೇರುವ ದಿನ. ಚಿಕ್ಕಪ್ಪನ ಮಗ ಬೆಂಗಳೂರಿನಿಂದ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 450 ಹತ್ತಿ ಬಂದ. ಭಾವ ಸೋಮವಾರಪೇಟೆಯಿಂದ ಸುಜುಕಿ ವಿ-ಸ್ಟ್ರಾಮ್ ಎಸ್‌ಎಕ್ಸ್‌ನಲ್ಲಿ ಬಂದರು. ಮಡಿಕೇರಿಯ ಗೆಳೆಯನ ಹತ್ತಿರ ಹೀರೋ ಎಕ್ಸ್‌ಪಲ್ಸ್ 200 4ವಿ ಇತ್ತು, ಅವನನ್ನೂ ಪಾಯಸದ ಆಸೆ ತೋರಿಸಿ ಕರೆದೆ. ಅಂಗಳದಲ್ಲಿ ಮೂರೂ ಸಾಲಾಗಿ ನಿಂತಾಗ ಅನಿಸಿತು, ಇಂಥ ಅವಕಾಶ ಇನ್ನು ಸಿಗಲ್ಲ. ಎರಡು ದಿನ ಗಾಡಿ ತಗೊಂಡು ಹೋಗಲ್ಲ ಅಂದರೆ ಮಾತ್ರ ಪಾಯಸ ಅಂದೆ. ಒಪ್ಪಿದರು.

ಮೊದಲು ಮಾಡಿದ ಕೆಲಸ ಗಾಳಿ ನೋಡಿದ್ದು. ಮೂರರಲ್ಲೂ ಬೇರೆ ಬೇರೆ ಇತ್ತು. ಗಾಳಿ ಸಮ ಮಾಡದೆ ಹೋಲಿಸಿದರೆ ನಾವು ಹೋಲಿಸೋದು ಗಾಡಿಯನ್ನಲ್ಲ, ಗಾಳಿಯನ್ನು. ಕೆಸರಿಗೆ ಅಂತ ಮುಂದೆ 20, ಹಿಂದೆ 22 ಪಿಎಸ್‌ಐ ಇಟ್ಟೆ. ಟಾರಿಗೆ ಹೋಗುವಾಗ ಕಂಪನಿ ಹೇಳಿದಷ್ಟು ತುಂಬಿಸಿದೆ. ಟ್ಯೂಬ್ ಇರುವ ಗಾಡಿಯಲ್ಲಿ ಇದಕ್ಕಿಂತ ಇಳಿಸೋಕೆ ನನಗೆ ಧೈರ್ಯ ಇಲ್ಲ. ಕಲ್ಲಿಗೆ ಹೊಡೆದರೆ ರಿಮ್ಮು ಟ್ಯೂಬನ್ನು ಕಚ್ಚಿ ತೂತು ಮಾಡುತ್ತದೆ. ಮಳೆಯಲ್ಲಿ ಕೂತು ಪಂಕ್ಚರ್ ಹಾಕುವಾಗ ಕಾಲಿಗೆ ಹತ್ತುವ ಜಿಗಣೆ ಲೆಕ್ಕ ಬೇರೆ. ಆಮೇಲೆ ಮೂರೂ ಟ್ಯಾಂಕ್ ಕುತ್ತಿಗೆ ತನಕ ತುಂಬಿಸಿದೆವು. ಓಡಿಸುವವನು ನಾನೊಬ್ಬನೇ. ದಾರಿ ಅದೇ, ಬೂಟು ಅದೇ, ರೈನ್‌ಕೋಟೂ ಅದೇ.

ಕಾಗದದ ಮೇಲಿನ ಲೆಕ್ಕ ಹೀಗೆ. ಎಕ್ಸ್‌ಪಲ್ಸ್ ಸುಮಾರು 200 ಸಿಸಿ, 19 ಪಿಎಸ್ ಶಕ್ತಿ, ತೂಕ 160 ಕೆಜಿಯ ಒಳಗೆ. ವಿ-ಸ್ಟ್ರಾಮ್ 249 ಸಿಸಿ, 26.5 ಪಿಎಸ್, 167 ಕೆಜಿ. ಹಿಮಾಲಯನ್ 452 ಸಿಸಿ, 40 ಪಿಎಸ್, 196 ಕೆಜಿ. ಎಕ್ಸ್‌ಪಲ್ಸ್ ಮತ್ತು ಹಿಮಾಲಯನ್‌ಗೆ ಮುಂದೆ 21 ಇಂಚಿನ ಕಡ್ಡಿ ಚಕ್ರ. ವಿ-ಸ್ಟ್ರಾಮ್‌ಗೆ 19 ಇಂಚಿನ ಅಲಾಯ್, ಟ್ಯೂಬ್‌ಲೆಸ್. ಇದನ್ನು ನೋಡಿದ ತಮ್ಮ, ಅದೇ ಹಿಮಾಲಯನ್ ತಂದ ಚಿಕ್ಕಪ್ಪನ ಮಗ, ಆಗಲೇ ಗೆದ್ದವನ ಹಾಗೆ ನಗುತ್ತಿದ್ದ. 40 ಪಿಎಸ್ ಮುಂದೆ 19 ಏನು ಮಾಡುತ್ತದೆ ಅಂತ.

ಚಿಕ್ಕಪ್ಪ ಜಗಲಿಯಲ್ಲಿ ಕೂತು ಎಲ್ಲ ಕೇಳುತ್ತಿದ್ದರು. ಮಿಲಿಟರಿಯಲ್ಲಿದ್ದವರು. ಸಿಯಾಚಿನ್ ಕಡೆ ಹಿಮದ ಸ್ಕೂಟರ್ ಓಡಿಸಿದ್ದಾರೆ. ಮುಂದೆ ಎರಡು ಸ್ಕೀ, ಹಿಂದೆ ಚಕ್ರದ ಬದಲು ರಬ್ಬರ್ ಪಟ್ಟೆ, ಗೇರ್ ಇಲ್ಲ, ನಮ್ಮ ಗೇರ್‌ಲೆಸ್ ಸ್ಕೂಟರ್ ತರಹ ಬೆಲ್ಟು. "ಅಲ್ಲಿ ಹೊಸ ಹುಡುಗರು ಬಂದ್ರೆ ಇದನ್ನೇ ಕೇಳ್ತಿದ್ರು, ಎಷ್ಟು ಪವರ್ ಅಂತ. ಪವರ್ ಜಾಸ್ತಿ ಇದ್ದು ಪಟ್ಟೆ ಗಿಡ್ಡ ಇದ್ರೆ, ಮೆತ್ತನೆ ಹಿಮದಲ್ಲಿ ತನ್ನ ಗುಂಡಿ ತಾನೇ ತೋಡ್ಕೊಂಡು ಕೂತ್ಕೊಳ್ತದೆ. ಉದ್ದ ಪಟ್ಟೆಯದ್ದು ತೇಲ್ಕೊಂಡು ಹೋಗ್ತದೆ. ಮೊದ್ಲು ಮೆಲ್ಲ ಓಡ್ಸಿ ನೋಡು ಮಗ" ಅಂದರು.

ಆ ಮಾತು ನನ್ನ ತಲೆಯಲ್ಲಿ ಕೂತಿತು. ಹಾಗಾಗಿ ಮೊದಲ ಪರೀಕ್ಷೆಯೇ ನಡಿಗೆಯದು. ಚಿಕ್ಕಪ್ಪ ಕೊಡೆ ಹಿಡಿದು ಲೈನ್ ಮನೆ ಏರಿನಲ್ಲಿ ಮುಂದೆ ನಡೆಯುವುದು, ನಾನು ಅವರ ಹಿಂದೆ ಬೈಕಿನಲ್ಲಿ. ಅವರನ್ನು ದಾಟಬಾರದು, ಕಾಲು ಊರಬಾರದು, ಆದಷ್ಟು ಕ್ಲಚ್ ಮುಟ್ಟಬಾರದು. ಏರಿನಲ್ಲಿ ಎರಡು ಕಡಿದಾದ ತಿರುವು. ಎರಡನೇ ತಿರುವಿನಲ್ಲಿ ಹಲಸಿನ ಮರದ ಬೇರು ದಾರಿಗೆ ಅಡ್ಡ ಮಲಗಿದೆ, ಒದ್ದೆಯಾದರೆ ಹಾವಿನ ಬೆನ್ನಿನ ಹಾಗೆ ಜಾರುತ್ತದೆ. ತೋಟದಲ್ಲಿ ಬೈಕಿನ ಅರ್ಧ ಜೀವನ ಇದೇ ವೇಗದಲ್ಲಿ ಕಳೆಯುತ್ತದೆ. ಮುಂದೆ ಹಸು ಇರುತ್ತದೆ, ಇಲ್ಲ ಗೊಬ್ಬರ ಹೊತ್ತ ಆಳು ಇರುತ್ತಾರೆ.

ಎಕ್ಸ್‌ಪಲ್ಸ್ ಮೊದಲನೇ ಗೇರಿನಲ್ಲಿ ಟುಕುಟುಕು ಅಂತ ಚಿಕ್ಕಪ್ಪನ ಹಿಂದೆಯೇ ಬಂತು. ಬೇರಿನ ಮೇಲೆ ಮುಂದಿನ ಚಕ್ರ ಹತ್ತಿದ್ದು ಗೊತ್ತಾಗಲೇ ಇಲ್ಲ. ಹಿಂದಿನ ಚಕ್ರ ಒಂದು ಗೇಣು ಪಕ್ಕಕ್ಕೆ ಜಾರಿ, ಮತ್ತೆ ತಾನೇ ನೆಟ್ಟಗಾಯಿತು. ವಿ-ಸ್ಟ್ರಾಮ್ ಎಂಜಿನ್ ಬೆಣ್ಣೆ. ಆದರೆ ಅದರ 19 ಇಂಚಿನ ಚಕ್ರ ಬೇರನ್ನು ಹತ್ತುವ ಮೊದಲು ಒಂದು ಕ್ಷಣ ಯೋಚನೆ ಮಾಡುತ್ತದೆ. ಆ ಕ್ಷಣದಲ್ಲಿ ನನ್ನ ಎಡಗಾಲು ತಾನಾಗಿ ನೆಲಕ್ಕೆ ಹೋಯಿತು. ಹಿಮಾಲಯನ್ ಬೇರನ್ನು ಲೆಕ್ಕಕ್ಕೇ ತಗೊಳ್ಳಲಿಲ್ಲ. ಆದರೆ ಅದಕ್ಕೆ ಚಿಕ್ಕಪ್ಪನ ನಡಿಗೆ ಸಾಲದು. ಉದ್ದಕ್ಕೂ ಎರಡು ಬೆರಳು ಕ್ಲಚ್ ಮೇಲೇ ಇರಬೇಕಾಯಿತು. ಮೇಲೆ ಹೋಗಿ ನಿಂತಾಗ ಚಿಕ್ಕಪ್ಪ ಕೊಡೆ ಮಡಚಿ, "ಅದು ಆಡು, ಇದು ಎಮ್ಮೆ" ಅಂದರು. ಭಾವನ ಗಾಡಿಗೆ ಏನೂ ಹೇಳಲಿಲ್ಲ. ಭಾವನ ಮುಖ ಸ್ವಲ್ಪ ಸಣ್ಣಗಾಯಿತು.

ಬಿದ್ದದ್ದು ವಾಪಸ್ ಇಳಿಯುವಾಗ. ತಪ್ಪು ನನ್ನದೇ. ಹಿಮಾಲಯನ್‌ನಲ್ಲಿದ್ದೆ. ತಿರುವಿನಲ್ಲಿ ಎದುರಿಗೆ ನಾಯಿ ಬಂತು ಅಂತ ನಿಲ್ಲಿಸಿದೆ, ಕಣಿವೆ ಬದಿಯ ಕಾಲು ಊರಿದೆ. ಅಲ್ಲಿ ನೆಲವೇ ಇರಲಿಲ್ಲ. ಸೀಟಿನ ಎತ್ತರ 825 ಮಿಲಿಮೀಟರ್. ಸಮ ನೆಲದಲ್ಲಿ ನನಗೆ ಎರಡೂ ಪಾದ ಸುಮಾರಾಗಿ ಮುಟ್ಟುತ್ತವೆ. ಇಳಿಜಾರಿನಲ್ಲಿ ಆ ಲೆಕ್ಕ ನಡೆಯಲ್ಲ. ಇಂಥ ಕಡೆ ನಿಲ್ಲಿಸುವಾಗ ಗುಡ್ಡದ ಬದಿಯ ಕಾಲನ್ನೇ ಊರಬೇಕು ಅಂತ ನಾನೇ ಎಷ್ಟೋ ಜನರಿಗೆ ಹೇಳಿದ್ದೇನೆ. ಗಾಡಿ ಮೆಲ್ಲಗೆ, ಮರ್ಯಾದೆಯಿಂದ, ಕಾಫಿ ಗಿಡದ ಮೇಲೆ ಮಲಗಿತು. ತಮ್ಮ ಮಾತಾಡಲಿಲ್ಲ. ಬರೀ ಓಡಿ ಬಂದು ಕ್ರ್ಯಾಶ್ ಗಾರ್ಡ್ ಸವರಿದ.

ಅದರಿಂದ ಒಂದು ಹೊಸ ಪರೀಕ್ಷೆ ಹುಟ್ಟಿತು. ಬಿದ್ದ ಗಾಡಿಯನ್ನು ಒಬ್ಬನೇ ಎತ್ತೋದು. ತೋಟದಲ್ಲಿ ಬಿದ್ದರೆ ಕೂಗಿದರೂ ಯಾರಿಗೂ ಕೇಳಲ್ಲ. ಉಳಿದ ಎರಡನ್ನೂ ಗೋಣಿಚೀಲ ಹಾಸಿ ಮೆಲ್ಲಗೆ ಮಲಗಿಸಿದೆವು. ಎತ್ತುವ ಕ್ರಮ ಹೀಗೆ: ಎಂಜಿನ್ ಆಫ್ ಮಾಡಿ, ಗೇರ್ ಹಾಕಿಯೇ ಇರಬೇಕು, ಇಲ್ಲವಾದರೆ ಎತ್ತುವಾಗ ಉರುಳುತ್ತದೆ. ಚಕ್ರಗಳು ಗುಡ್ಡದ ಕಡೆ ಇದ್ದರೆ ಮೊದಲು ಗಾಡಿಯನ್ನು ಮಲಗಿದ ಹಾಗೇ ಎಳೆದು, ಚಕ್ರ ಇಳಿಜಾರಿನ ಕಡೆ ಬರೋ ಹಾಗೆ ತಿರುಗಿಸಬೇಕು. ಬಲಕ್ಕೆ ಬಿದ್ದಿದ್ದರೆ ಸೈಡ್ ಸ್ಟ್ಯಾಂಡ್ ಮೊದಲೇ ಹೊರಗೆ ಚಾಚಿಡಬೇಕು. ಮರೆತರೆ ಎತ್ತಿದ ಗಾಡಿ ಆಚೆ ಕಡೆ ಬೀಳುತ್ತದೆ. ಆಮೇಲೆ ಸೀಟಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಹಿಂದಿನ ಕಂಬಿ ಹಿಡಿದು, ಸೊಂಟದಿಂದ ಅಲ್ಲ, ಕಾಲಿನ ಬಲದಿಂದ ಹಿಂದಕ್ಕೆ ಹೆಜ್ಜೆ ಇಡುತ್ತಾ ಏಳಬೇಕು. ಎಕ್ಸ್‌ಪಲ್ಸ್ ಒಂದೇ ದಮ್ಮಿಗೆ ಎದ್ದಿತು. ವಿ-ಸ್ಟ್ರಾಮ್ ಕೂಡ. ಹಿಮಾಲಯನ್ ಎರಡು ಸಲ ಜಾರಿ ಮೂರನೇ ಸಲಕ್ಕೆ ಬಂತು. ಅದರಲ್ಲಿ 17 ಲೀಟರಿನ ಟ್ಯಾಂಕ್ ಫುಲ್ ಇತ್ತು ಅನ್ನೋದನ್ನೂ ಹೇಳಬೇಕು. ಆ ರಾತ್ರಿ ಬೆನ್ನಿಗೆ ನೋವಿನ ಎಣ್ಣೆ ಹಚ್ಚಿಸಿಕೊಳ್ಳುವಾಗ ಹೆಂಡತಿ ಕೇಳಿದಳು, "ಗಾಡಿ ತಗೊಳ್ಳೋದು ಓಡಿಸೋಕಾ, ಎತ್ತೋಕಾ?"

ಬ್ರೇಕಿನ ಪರೀಕ್ಷೆ ಮಾರನೇ ದಿನ ಬೆಳಗ್ಗೆ. ಇಳಿಜಾರಿನಲ್ಲಿ ಸುಣ್ಣದ ಗೆರೆ ಎಳೆದು, ಅಲ್ಲಿಂದ ಬ್ರೇಕ್ ಹಿಡಿದು, ಎಲ್ಲಿ ನಿಲ್ಲುತ್ತದೆ ನೋಡೋದು ಅಂತ ಪ್ಲಾನ್. ಕಕ್ಕಡದಲ್ಲಿ ಸುಣ್ಣದ ಗೆರೆ! ಐದು ನಿಮಿಷವೂ ಉಳಿಯಲಿಲ್ಲ. ಕೊನೆಗೆ ಕೆಂಪು ಪ್ಲಾಸ್ಟಿಕ್ ಚೀಲವನ್ನು ಕಾಫಿ ಗಿಡಕ್ಕೆ ಕಟ್ಟಿದೆವು. ವೇಗ ಗಂಟೆಗೆ 20 ಕಿಲೋಮೀಟರ್, ಪ್ರತಿ ಗಾಡಿಗೆ ಮೂರು ಸಲ.

ಇಲ್ಲಿ ಎಬಿಎಸ್, ಅಂದರೆ ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದ ಹಾಗೆ ನೋಡಿಕೊಳ್ಳುವ ವ್ಯವಸ್ಥೆ, ಅದರ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಟಾರಿನಲ್ಲಿ ಎಬಿಎಸ್ ಜೀವ ಉಳಿಸುತ್ತದೆ, ಅದರಲ್ಲಿ ಮಾತಿಲ್ಲ. ಸಡಿಲ ಮಣ್ಣಿನ ಇಳಿಜಾರಿನಲ್ಲಿ ಕತೆ ಬೇರೆ. ಚಕ್ರ ಜಾರುವ ಸುಳಿವು ಸಿಕ್ಕಿದ ಕೂಡಲೇ ಅದು ಬ್ರೇಕನ್ನು ಬಿಟ್ಟು ಹಿಡಿದು ಮಾಡುತ್ತದೆ. ಮಣ್ಣಿನಲ್ಲಿ ಚಕ್ರ ಜಾರುತ್ತಲೇ ಇರುವುದರಿಂದ ಅದು ಬಿಡುತ್ತಲೇ ಇರುತ್ತದೆ. ಲಿವರ್ ಬೆರಳಿಗೆ ಕಟಕಟ ಅಂತ ಹೊಡೆಯುತ್ತದೆ, ಗಾಡಿ ಮುಂದೆ ಹೋಗುತ್ತಲೇ ಇರುತ್ತದೆ. ಹಿಂದಿನ ಚಕ್ರ ಲಾಕ್ ಆದರೆ ಅದರ ಮುಂದೆ ಮಣ್ಣು ರಾಶಿಯಾಗಿ, ಅದೇ ಒಂದು ತಡೆ ಆಗುತ್ತದೆ. ಹಿಮಾಲಯನ್‌ನಲ್ಲಿ ಹಿಂದಿನ ಚಕ್ರದ ಎಬಿಎಸ್ ಆಫ್ ಮಾಡಬಹುದು. ಗೆಳೆಯನ ಎಕ್ಸ್‌ಪಲ್ಸ್‌ನಲ್ಲಿ ಎಬಿಎಸ್ ಇರೋದೇ ಮುಂದಿನ ಚಕ್ರಕ್ಕೆ. ವಿ-ಸ್ಟ್ರಾಮ್‌ನಲ್ಲಿ ಆಫ್ ಮಾಡುವ ಸ್ವಿಚ್ ಇಲ್ಲ. ಅದು ಎಂಜಿನ್ ಬ್ರೇಕ್ ನಂಬಿ ಮೊದಲನೇ ಗೇರಿನಲ್ಲಿ ಇಳಿಯಬೇಕಾದ ಗಾಡಿ. ಹಾಗೆ ಇಳಿದರೆ ಸುಖವಾಗಿಯೇ ಇಳಿಯಿತು. ಆದರೆ ಗಾಬರಿಯಲ್ಲಿ ಬ್ರೇಕ್ ಹಿಡಿದಾಗ ಕೆಂಪು ಚೀಲದಿಂದ ಎಲ್ಲಕ್ಕಿಂತ ದೂರ ಹೋಗಿ ನಿಂತದ್ದು ಅದೇ.

ಮಧ್ಯಾಹ್ನ ಗಾಳಿ ತುಂಬಿಸಿಕೊಂಡು ಮೂರೂ ಗಾಡಿಯಲ್ಲಿ ಭಾಗಮಂಡಲದ ಕಡೆ ಹೊರಟೆವು. ದಾರಿಯಲ್ಲಿ ಗಾಡಿ ಬದಲಾಯಿಸುತ್ತಾ ಹೋದೆವು. ಇಲ್ಲಿ ನನ್ನ ಆಡು ಸೋತಿತು. ನೇರವಾಗಿ ಹೇಳುತ್ತೇನೆ, ಟಾರಿನ ಏರಿನಲ್ಲಿ, ಹಿಂದೆ ಒಬ್ಬರು ಕೂತಿದ್ದರೆ, ಎಕ್ಸ್‌ಪಲ್ಸ್ ಉಸಿರು ಬಿಗಿಹಿಡಿಯುತ್ತದೆ. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರ್, ಎಲ್ಲವೂ ಏರು. ಮೂರನೇ ಗೇರ್ ಹಾಕಿದರೆ ಸಾಲದು, ಎರಡಕ್ಕೆ ಇಳಿಸಿದರೆ ಕಿರುಚುತ್ತದೆ. ಹಿಮಾಲಯನ್ ಮೂರನೇ ಗೇರಿನಲ್ಲಿ ಇಟ್ಟರೆ ಮುಗಿಯಿತು. ಮಂಜಿನೊಳಗೆ ಹಡಗಿನ ಹಾಗೆ ಹತ್ತುತ್ತದೆ. ಹಿಂದಿನ ದಿನ ನನ್ನನ್ನು ಕಾಫಿ ಗಿಡಕ್ಕೆ ಕೆಡವಿದ ಅದೇ 196 ಕೆಜಿ ಇಲ್ಲಿ ಅಡ್ಡಗಾಳಿಗೆ ಅಲುಗಲಿಲ್ಲ.

ಆದರೆ ಟಾರಿನಲ್ಲಿ ನನ್ನ ಮನಸ್ಸು ಗೆದ್ದದ್ದು ಭಾವನ ಗಾಡಿ. ತೋಟದಲ್ಲಿ ತೊಂದರೆ ಕೊಟ್ಟ 19 ಇಂಚಿನ ಚಕ್ರ ಘಟ್ಟದ ತಿರುವಿನಲ್ಲಿ ನೋಡಿದ ಕಡೆ ತಿರುಗುತ್ತದೆ. 21 ಇಂಚಿನದ್ದಕ್ಕೆ ಒಂದು ಮಾತು ಜಾಸ್ತಿ ಹೇಳಬೇಕು. ಭಾವನ ಗಾಡಿಯಲ್ಲಿ ಎಂಜಿನ್ ನಡುಕವೂ ಕೈಗೆ ಬರಲ್ಲ. ಭಾವನಿಗೆ ಇದನ್ನು ತಲಕಾವೇರಿಯಲ್ಲಿ ಹೇಳಿದೆ. ಮುಖ ಮತ್ತೆ ಅಗಲವಾಯಿತು. ಚಹಾ ಅವರೇ ಕೊಡಿಸಿದರು.

ಪೆಟ್ರೋಲ್ ಲೆಕ್ಕವನ್ನು ಮತ್ತೆ ಕುತ್ತಿಗೆ ತನಕ ತುಂಬಿಸಿ ನೋಡಿದೆವು. ಚಿಕ್ಕ ಎಂಜಿನ್ ಕಡಿಮೆ ಕುಡಿಯಿತು, ದೊಡ್ಡದು ಜಾಸ್ತಿ. ಅದರಲ್ಲಿ ಆಶ್ಚರ್ಯ ಏನಿಲ್ಲ. ಕೆಸರಲ್ಲಿ ಮೂರೂ ಕಂಪನಿ ಹೇಳುವ ಲೆಕ್ಕಕ್ಕೆ ಹತ್ತಿರ ಬರಲ್ಲ.

ಕೊನೆಗೊಂದು ಪರೀಕ್ಷೆ ಬಾಕಿ ಇತ್ತು. 25 ಕೆಜಿ ಅಕ್ಕಿ ಮೂಟೆ ಹಿಂದೆ ಕಟ್ಟಿ ಅದೇ ಲೈನ್ ಮನೆ ಏರು. ಹಿಂದೆ ಭಾರ ಬಿದ್ದರೆ ಮುಂದಿನ ಚಕ್ರ ಹಗುರ ಆಗುತ್ತದೆ, ತಿರುವಿನಲ್ಲಿ ಮಾತು ಕೇಳಲ್ಲ. ಹಿಮಾಲಯನ್‌ಗೆ ಮೂಟೆ ಇದ್ದದ್ದೇ ಗೊತ್ತಾಗಲಿಲ್ಲ. ವಿ-ಸ್ಟ್ರಾಮ್ ಬೇರಿನ ಹತ್ತಿರ ಮತ್ತೆ ಯೋಚನೆ ಮಾಡಿತು. ಎಕ್ಸ್‌ಪಲ್ಸ್‌ನ ಮುಂಭಾಗ ಸ್ವಲ್ಪ ತೇಲಿತು. ಟ್ಯಾಂಕ್ ಮೇಲೆ ಎದೆ ಇಟ್ಟು ನಿಂತುಕೊಂಡು ಓಡಿಸಿದೆ, ಹೋಯಿತು.

ನಾನು ತಗೊಂಡದ್ದು ಎಕ್ಸ್‌ಪಲ್ಸ್. ಸೆಕೆಂಡ್ ಹ್ಯಾಂಡ್, ಒಂದು ವರ್ಷ ಓಡಿದ್ದು. ನನಗೆ ವಾರದಲ್ಲಿ ಆರು ದಿನ ಲೈನ್ ಮನೆ ಏರು, ಒಂದು ದಿನ ಮಡಿಕೇರಿ ಸಂತೆ. ಇದು ತಿರುಗುಮುರುಗಾಗಿದ್ದರೆ ಭಾವನ ಗಾಡಿಯನ್ನೇ ಕೇಳುತ್ತಿದ್ದೆ. ತಮ್ಮನಿಗೆ ಬೆಂಗಳೂರಿನಿಂದ ಬಂದು ಹೋಗೋದಕ್ಕೆ ಅವನದ್ದೇ ಸರಿ, ಅದನ್ನು ಅವನಿಗೂ ಹೇಳಿದ್ದೇನೆ. ತಗೊಂಡ ವಾರದಲ್ಲೇ ಟೈರ್ ಬದಲಾಯಿಸಿ ದೊಡ್ಡ ಗುಬುಟಿನದ್ದು ಹಾಕಿಸಿದೆ. ಲಿವರ್ ಮುರಿಯದ ಹಾಗೆ ಹ್ಯಾಂಡ್ ಗಾರ್ಡ್ ಹಾಕಿಸಿದೆ. ಸಂಜೆ ಬಂದ ಕೂಡಲೇ ಚೈನಿನ ಮಣ್ಣು ತೊಳೆದು ಎಣ್ಣೆ ಬಿಡುತ್ತೇನೆ. ಕೆಂಪು ಮಣ್ಣು ಒಣಗಿದರೆ ಅರದ ಹಾಗೆ ಚೈನಿನ ಹಲ್ಲುಚಕ್ರ, ಅಂದರೆ ಸ್ಪ್ರಾಕೆಟ್, ತಿಂದುಬಿಡುತ್ತದೆ.

ಚಿಕ್ಕಪ್ಪ ಈಗಲೂ ಆ ಏರಿನಲ್ಲಿ ಸಿಕ್ಕಿದರೆ ದಾರಿ ಬಿಡಲ್ಲ. ಕೊಡೆ ಹಿಡಿದು ಮುಂದೆ ಮುಂದೆ ನಡೆಯುತ್ತಾರೆ. ಹಾರ್ನ್ ಹೊಡೆದರೆ ತಿರುಗಿ ನೋಡಿ, "ಏನು, ಆಗಲ್ವಾ ಈಗ?" ಅನ್ನುತ್ತಾರೆ.