ಟರ್ಬೊ ಪೋಲೊ, ಆರು ಗೇರು: ನಾನು ಕಲಿತ ಬಗೆ

ಗೇರು ಹಾಕಿ ಗಾಡಿ ಓಡಿಸುವುದು ನನಗೆ ಹೊಸದೇನಲ್ಲ. ಲೈಸೆನ್ಸ್ ಮಾಡಿಸಿದ್ದೇ ಡ್ರೈವಿಂಗ್ ಸ್ಕೂಲಿನ ಮಾರುತಿ 800ರಲ್ಲಿ. ಆಮೇಲೆ ವರ್ಷಗಟ್ಟಲೆ ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಆಟೊಮ್ಯಾಟಿಕ್ ಓಡಿಸಿದೆ, ಎಡಗಾಲಿಗೆ ಕೆಲಸವೇ ಇರಲಿಲ್ಲ. ಹೀಗಿರುವಾಗ ಸೆಕೆಂಡ್ ಹ್ಯಾಂಡ್ ಪೋಲೊ 1.0 ಟಿಎಸ್‌ಐ ಮ್ಯಾನ್ಯುಯಲ್ ಮನೆಗೆ ಬಂತು. ಓಡಿಸಲು ಬರುತ್ತದೆ ಎನ್ನುವುದಕ್ಕೂ ಈ ಕಾರನ್ನು ಓಡಿಸಲು ಬರುತ್ತದೆ ಎನ್ನುವುದಕ್ಕೂ ಎಷ್ಟು ಅಂತರವಿದೆ ಎಂದು ತಿಳಿದದ್ದು ಆಗಲೇ.

ಫೋಕ್ಸ್‌ವ್ಯಾಗನ್ ಪೋಲೊ 2010ರಿಂದ 2022ರವರೆಗೆ ನಮ್ಮಲ್ಲಿ ಮಾರಾಟವಾಯಿತು. ತಯಾರಾಗುತ್ತಿದ್ದದ್ದು ಪುಣೆ ಪಕ್ಕದ ಚಾಕಣದಲ್ಲಿ. ಸಿಲಿಂಡರಿಗೆ ಗಾಳಿ ಒತ್ತಿ ತುಂಬಿಸುವ ಈ ಟರ್ಬೊ ಎಂಜಿನ್ ಬಂದದ್ದು 2020ರಲ್ಲಿ, ಹೊಗೆ ಮಿತಿಯ ಬಿಎಸ್ 6 ನಿಯಮದ ಜೊತೆಗೆ. 999 ಸಿಸಿ, ಮೂರು ಸಿಲಿಂಡರ್, 110 ಪಿಎಸ್ ಶಕ್ತಿ, 175 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಆರು ಗೇರು. ಪೂರ್ತಿ ಸ್ಪೋರ್ಟ್ಸ್ ಕಾರು ಎಂದು ಯಾರೂ ಹೇಳುವುದಿಲ್ಲ. ಆದರೆ ತೂಕ ಒಂದು ಟನ್ನಿಗಿಂತ ಚೂರು ಜಾಸ್ತಿ ಅಷ್ಟೆ, ಸ್ಟೀರಿಂಗ್ ಹೇಳಿದ ಹಾಗೆ ಕೇಳುತ್ತದೆ, ಎರಡನೇ ಗೇರಿನಲ್ಲಿ ಪೂರ್ತಿ ಒತ್ತಿದರೆ ಬೆನ್ನು ಸೀಟಿಗೆ ಅಂಟುತ್ತದೆ. 2013ರಿಂದ 2016ರವರೆಗೆ ಸತತ ನಾಲ್ಕು ವರ್ಷ ವಿಶ್ವ ರ‍್ಯಾಲಿ ಚಾಂಪಿಯನ್‌ಶಿಪ್ ಗೆದ್ದ ಪೋಲೊ ಆರ್ ಕಾರಿಗೂ ನನ್ನದಕ್ಕೂ ಹೆಸರು, ಮುಖಲಕ್ಷಣ ಬಿಟ್ಟರೆ ಹೆಚ್ಚು ನಂಟಿಲ್ಲ. ಆದರೂ ನನ್ನನ್ನು ಈ ಕಾರಿನ ಹತ್ತಿರ ತಂದದ್ದು ಆ ನೀಲಿ ಬಿಳಿ ಕಾರಿನ ಮೋಹವೇ.

ಮೊದಲು ಸರಿಮಾಡಿಕೊಂಡದ್ದು ಸೀಟು. ಕ್ಲಚ್ಚನ್ನು ತಳದವರೆಗೆ ಒತ್ತಿದಾಗಲೂ ಎಡಮೊಣಕಾಲು ಸ್ವಲ್ಪ ಮಡಿದಿರಬೇಕು, ಬೆನ್ನು ಸೀಟು ಬಿಟ್ಟು ಮುಂದಕ್ಕೆ ಬರಬಾರದು. ಕೈ ನೀಡಿದರೆ ಮಣಿಕಟ್ಟು ಸ್ಟೀರಿಂಗಿನ ನೆತ್ತಿಯ ಮೇಲೆ ಕೂರಬೇಕು. ದಪ್ಪ ಸೋಲಿನ ಶೂ ಬೇಡವೇ ಬೇಡ. ಕ್ಲಚ್ಚು ಕಚ್ಚುವಾಗ, ಅಂದರೆ ಎಂಜಿನ್ನಿನ ಬಲ ಚಕ್ರಕ್ಕೆ ತಾಕಲು ಶುರುವಾಗುವಾಗ, ಪೆಡಲಿನಲ್ಲಿ ಏಳುವ ಸಣ್ಣ ನಡುಕ ಪಾದಕ್ಕೆ ತಿಳಿಯದಿದ್ದರೆ ಮುಂದಿನ ಪಾಠ ಯಾವುದೂ ಹತ್ತುವುದಿಲ್ಲ.

ಆ ಕಚ್ಚುವ ಜಾಗವನ್ನು ಹುಡುಕಿದ್ದು ಭಾನುವಾರ ಬೆಳಗ್ಗೆ ಖಾಲಿ ಇರುತ್ತಿದ್ದ ಒಂದು ಬಡಾವಣೆಯ ರಸ್ತೆಯಲ್ಲಿ. ಮೊದಲ ಗೇರು ಹಾಕಿ, ಆಕ್ಸಿಲರೇಟರ್ ಮುಟ್ಟದೆ, ಬರೀ ಕ್ಲಚ್ಚಿನಲ್ಲೇ ಗಾಡಿಯನ್ನು ಹೊರಡಿಸುವುದು. ಕ್ಲಚ್ಚು ಮೇಲೆ ಬರುತ್ತಾ ಒಂದು ಕಡೆ ಎಂಜಿನ್ನಿನ ಸದ್ದು ಸ್ವಲ್ಪ ತಗ್ಗುತ್ತದೆ, ಬಾನೆಟ್ ಒಂದಿಷ್ಟು ಅಲುಗುತ್ತದೆ. ಅಲ್ಲೇ ಪಾದ ನಿಲ್ಲಿಸಬೇಕು. ಗಾಡಿ ಉರುಳಲು ಶುರುವಾದ ಮೇಲೆ ಪೂರ್ತಿ ಬಿಡಬೇಕು. ಮೂರು ಸಿಲಿಂಡರಿನ ಸಣ್ಣ ಎಂಜಿನ್ನಿಗೆ ನಿಮಿಷಕ್ಕೆ ಸುತ್ತುವ ಸುತ್ತು ಕಡಿಮೆ ಇರುವಾಗ, ಅಂದರೆ ಕೆಳಗಿನ ಆರ್‌ಪಿಎಮ್‌ನಲ್ಲಿ ಕಸುವು ಕಡಿಮೆ, ಅವಸರ ಮಾಡಿದರೆ ಜರ್ಕ್ ಹೊಡೆದು ಆಫ್ ಆಗುತ್ತದೆ. ಆದ್ದರಿಂದಲೇ ಇದು ಒಳ್ಳೆಯ ಗುರು. ದೊಡ್ಡ ಡೀಸೆಲ್ ಎಂಜಿನ್ ಕಾಲಿನ ಒರಟುತನವನ್ನು ಸಹಿಸಿಕೊಂಡು ಹೇಗೋ ಹೊರಟುಬಿಡುತ್ತದೆ. ಇದು ಸಹಿಸುವುದಿಲ್ಲ.

ಗೇರ್ ಲಿವರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹೊಸಬರು ಹೆಚ್ಚು ಒದ್ದಾಡುವುದು ಇಲ್ಲೇ. ನ್ಯೂಟ್ರಲ್‌ನಲ್ಲಿ ಕೈಬಿಟ್ಟರೆ ಲಿವರ್ ಸ್ಪ್ರಿಂಗಿನ ಒತ್ತಡಕ್ಕೆ ತಾನಾಗಿ ನಡುವಿಗೆ, ಅಂದರೆ ಮೂರು ಮತ್ತು ನಾಲ್ಕರ ಸಾಲಿಗೆ ಬಂದು ನಿಲ್ಲುತ್ತದೆ. ಇದೊಂದು ಕೈಗೆ ಮನದಟ್ಟಾದರೆ ಅರ್ಧ ಕೆಲಸ ಮುಗಿಯಿತು. ಎರಡರಿಂದ ಮೂರಕ್ಕೆ ಹೋಗುವಾಗ ಲಿವರನ್ನು ಓರೆಯಾಗಿ ಬಲಕ್ಕೆ ಎಳೆದುಕೊಂಡು ಹೋಗಬೇಕಿಲ್ಲ. ನ್ಯೂಟ್ರಲ್‌ಗೆ ತಂದು ಹಿಡಿತ ಸಡಿಲಿಸಿದರೆ ಅದೇ ನಡುವಿಗೆ ಜಾರುತ್ತದೆ, ಆಮೇಲೆ ತೆರೆದ ಅಂಗೈಯಿಂದ ನೇರ ಮುಂದಕ್ಕೆ ತಳ್ಳಿದರೆ ಸಾಕು. ಮುಷ್ಟಿ ಕಟ್ಟಿ ಬಲಕ್ಕೆ ಎಳೆದವರ ಕೈಗೆ ಮೂರರ ಬದಲು ಐದು ಸಿಗುತ್ತದೆ. ಐದರಿಂದ ನಾಲ್ಕಕ್ಕೂ ಹಾಗೇ: ಎರಡು ಬೆರಳು ಸಾಕು, ಉಳಿದದ್ದನ್ನು ಸ್ಪ್ರಿಂಗ್ ನೋಡಿಕೊಳ್ಳುತ್ತದೆ. ಎಲ್ಲಕ್ಕಿಂತ ಅಪಾಯದ್ದು ಜೋರಾಗಿ ಹೋಗುತ್ತಿರುವಾಗ ನಾಲ್ಕು ಎಂದುಕೊಂಡು ಎರಡಕ್ಕೆ ಎಳೆದುಬಿಡುವುದು. ಆಕ್ಸಿಲರೇಟರ್ ಒತ್ತಿ ಆರ್‌ಪಿಎಮ್ ಏರಿಸಿದರೆ ಮಿತಿ ಬಂದಾಗ ಕಂಪ್ಯೂಟರ್ ಇಂಧನ ನಿಲ್ಲಿಸಿ ತಡೆಯುತ್ತದೆ. ತಪ್ಪು ಗೇರಿಗೆ ಬಿದ್ದಾಗ ಎಂಜಿನ್ನನ್ನು ತಿರುಗಿಸುವುದು ಚಕ್ರಗಳೇ, ಅದನ್ನು ಯಾವ ಕಂಪ್ಯೂಟರೂ ತಡೆಯಲಾರದು. ರಿವರ್ಸ್ ಇರುವುದು ಮೊದಲ ಗೇರಿನ ಎಡಪಕ್ಕದಲ್ಲಿ. ಲಿವರನ್ನು ಕೆಳಕ್ಕೆ ಒತ್ತಿ, ಎಡಕ್ಕೆ ಸರಿಸಿ, ಮುಂದಕ್ಕೆ. ಪಾರ್ಕಿಂಗಿನಲ್ಲಿ ಕ್ಲಚ್ಚು ಬಿಡುವ ಮುಂಚೆ ಲಿವರ್ ಸರಿಯಾಗಿ ರಿವರ್ಸ್‌ಗೆ ಬಿದ್ದಿದೆಯೇ ಎಂದು ಇವತ್ತಿಗೂ ನೋಡಿಯೇ ಬಿಡುತ್ತೇನೆ.

ಇಷ್ಟು ಯಾವ ಮ್ಯಾನ್ಯುಯಲ್ ಕಾರಿಗೂ ಹೊಂದುವ ಮಾತು. ಟರ್ಬೊ ಸೇರಿದ ಮೇಲೆ ಲೆಕ್ಕ ಬದಲಾಗುತ್ತದೆ. ಈ ಎಂಜಿನ್ ತನ್ನ ಪೂರ್ತಿ ಟಾರ್ಕ್ ಕೊಡುವುದು ಸುಮಾರು 1,750ರಿಂದ 4,000 ಆರ್‌ಪಿಎಮ್ ನಡುವೆ. ಅದಕ್ಕಿಂತ ಕೆಳಗೆ ಎಂಜಿನ್ನಿನಿಂದ ಹೊರಬೀಳುವ ಹೊಗೆಯ ರಭಸ ಸಾಲದು, ಅದರ ಬಲದಿಂದ ತಿರುಗುವ ಟರ್ಬೊದ ಚಕ್ರ (ಟರ್ಬೈನ್) ಜೋರಾಗಿ ತಿರುಗದು, ಸಿಲಿಂಡರಿಗೆ ಗಾಳಿ ಒತ್ತಿ ತುಂಬಿಸಲು ಆಗದು. ಆಗ ಅದು ಬರೀ ಒಂದು ಲೀಟರಿನ ಬಡಪಾಯಿ ಎಂಜಿನ್. 30 ಕಿಲೋಮೀಟರ್ ವೇಗದಲ್ಲಿ ಮೂರನೇ ಗೇರಿನಲ್ಲಿದ್ದು ಒತ್ತಿದರೆ ಏನೂ ಆಗುವುದಿಲ್ಲ, ಮುಕ್ಕರಿಯುತ್ತದೆ. ಇನ್ನೂ ಒತ್ತುತ್ತೀರಿ. ಒಂದೆರಡು ಕ್ಷಣ ಬಿಟ್ಟು ಟರ್ಬೊ ಎದ್ದು, ನಿಮಗೆ ಬೇಡವಾದ ಹೊತ್ತಿನಲ್ಲಿ ಒಮ್ಮೆಲೇ ಎಳೆಯುತ್ತದೆ. ಮುಂದಿನ ಬಸ್ಸು ದಾಟಲು ಹೊರಟವರಿಗೆ ಆ ಒಂದೆರಡು ಕ್ಷಣ ಎಷ್ಟು ದೊಡ್ಡದು ಎಂದು ಬೇರೆ ಹೇಳಬೇಕಿಲ್ಲ.

ಹಾಗಾಗಿ ನಾನು ಮಾಡಿಕೊಂಡ ಅಭ್ಯಾಸ ಇದು: ಎಳೆತ ಬೇಕಾಗುವ ಮುಂಚೆಯೇ ಆರ್‌ಪಿಎಮ್ ಮೀಟರಿನ ಸೂಜಿಯನ್ನು 2,000ದ ಮೇಲೆ ತಂದಿಟ್ಟುಕೊಳ್ಳುವುದು. ಓವರ್‌ಟೇಕ್ ಮಾಡಬೇಕೆಂದರೆ ಮೊದಲು ಗೇರು ಇಳಿಸಿ ಕಾಯಬೇಕು, ಎದುರಿನ ರಸ್ತೆ ತೆರೆದಾಗ ಒತ್ತಬೇಕು. ರಸ್ತೆ ತೆರೆದ ಮೇಲೆ ಗೇರು ಹುಡುಕಬಾರದು. ಮೈಲೇಜ್ ಆಸೆಗೆ ಬೇಗ ಬೇಗ ಮೇಲಿನ ಗೇರಿಗೆ ಹೋಗಿ 1,200ರಲ್ಲಿ ಪೂರ್ತಿ ಒತ್ತುವವರನ್ನು ನೋಡಿದ್ದೇನೆ; ನೇರ ಇಂಧನ ಸಿಂಪಡಣೆಯ ಸಣ್ಣ ಟರ್ಬೊ ಎಂಜಿನ್ನುಗಳಿಗೆ ಅದಕ್ಕಿಂತ ಕೆಟ್ಟದ್ದು ಬೇರೊಂದಿಲ್ಲ. ಕಿಡಿ ಹಾರುವ ಮುಂಚೆಯೇ ಸಿಲಿಂಡರಿನೊಳಗೆ ಇಂಧನ ಹೊತ್ತಿಕೊಳ್ಳುವ ಅಪಾಯ ಆ ಸ್ಥಿತಿಯಲ್ಲೇ ಹೆಚ್ಚು, ಅದು ಪಿಸ್ಟನ್ನನ್ನೇ ಒಡೆಯಬಲ್ಲದು. ಬೆಳಗ್ಗೆ ತಣ್ಣಗಿರುವಾಗ ಮಾತ್ರ ಆಯಿಲ್ ಬಿಸಿಯಾಗುವವರೆಗೆ 2,500 ದಾಟಿಸದೆ ನಿಧಾನ ಹೋಗುತ್ತೇನೆ.

ನಿಜವಾದ ಕಲಿಕೆ ನಡೆದದ್ದು ಊರಿನಲ್ಲಿ, ಮಾವನ ಪಕ್ಕ ಕೂತು. ನಮ್ಮೂರು ಕೊಪ್ಪದ ಕಡೆ. ಮಾವ ಹಿಂದೆ ಖಾಸಗಿ ಬಸ್ಸು ಓಡಿಸಿದವರು, ಅದೂ ಘಟ್ಟದ ಮೇಲೆ ಕೆಳಗೆ. ಅವರ ಕಾಲದ ಬಸ್ಸು ಲಾರಿಗಳ ಗೇರ್ ಬಾಕ್ಸಿನಲ್ಲಿ ಗೇರಿನ ಹಲ್ಲುಗಳ ವೇಗವನ್ನು ತಾನೇ ಹೊಂದಿಸುವ ಸಿಂಕ್ರೋಮೆಶ್ ಇರುತ್ತಿರಲಿಲ್ಲ. ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ 1928ರಲ್ಲೇ ಬಂದಿದ್ದ ಆ ಸವಲತ್ತು ನಮ್ಮ ಭಾರದ ಗಾಡಿಗಳಿಗೆ ಬರಲು ಬಹಳ ಕಾಲ ಹಿಡಿಯಿತು. ಅದಿಲ್ಲದ ಗಾಡಿಯಲ್ಲಿ ಗೇರು ಇಳಿಸಬೇಕಾದರೆ ಕ್ಲಚ್ಚು ಒತ್ತಿ ನ್ಯೂಟ್ರಲ್‌ಗೆ ತರಬೇಕು, ಕ್ಲಚ್ಚು ಬಿಡಬೇಕು, ಒಮ್ಮೆ ರೈಸ್ ಮಾಡಬೇಕು (ಆಕ್ಸಿಲರೇಟರ್ ಒತ್ತಿ ಎಂಜಿನ್ನಿನ ವೇಗ ಏರಿಸಬೇಕು), ಮತ್ತೆ ಕ್ಲಚ್ಚು ಒತ್ತಿ ಕೆಳಗಿನ ಗೇರಿಗೆ ಹಾಕಬೇಕು. ರೈಸ್ ಕಡಿಮೆಯಾದರೂ ಹೆಚ್ಚಾದರೂ ಹಲ್ಲಿಗೆ ಹಲ್ಲು ಕಡಿದು ಬಸ್ಸಿನಲ್ಲಿದ್ದವರೆಲ್ಲ ತಿರುಗಿ ನೋಡುವಂಥ ಸದ್ದು.

ನನ್ನ ಕಾರಿನಲ್ಲಿ ಅಷ್ಟೆಲ್ಲ ಬೇಕಿಲ್ಲ, ಸಿಂಕ್ರೋಮೆಶ್ ಹಲ್ಲುಗಳನ್ನು ತಾನೇ ಹೊಂದಿಸುತ್ತದೆ. ಆದರೆ ಕ್ಲಚ್ಚು ಬಿಟ್ಟಾಗ ಎಂಜಿನ್ನಿನ ವೇಗಕ್ಕೂ ಗೇರಿನ ವೇಗಕ್ಕೂ ಇರುವ ಅಂತರವನ್ನು ಅದು ತುಂಬುವುದಿಲ್ಲ. ಮೂರರಿಂದ ಎರಡಕ್ಕೆ ಇಳಿಸಿದರೆ ಎಂಜಿನ್ ಸುಮಾರು ಒಂದೂವರೆ ಪಟ್ಟು ಜೋರಾಗಿ ತಿರುಗಬೇಕು. 2,000ದಲ್ಲಿದ್ದದ್ದು 3,000ಕ್ಕೆ ಏರಬೇಕು. ನಾವು ಏರಿಸದಿದ್ದರೆ ಕ್ಲಚ್ ಪ್ಲೇಟ್ ಉಜ್ಜಿಕೊಂಡು ಏರಿಸುತ್ತದೆ, ಗಾಡಿ ಮೂಗು ತಗ್ಗಿಸಿ ತುಯ್ಯುತ್ತದೆ, ಮಳೆಗಾಲದ ರಸ್ತೆಯಲ್ಲಾದರೆ ಮುಂದಿನ ಚಕ್ರಗಳ ಹಿಡಿತವೂ ಒಂದು ಕ್ಷಣ ತಪ್ಪಬಹುದು.

"ಗೇರು ದೂಡ್ಬೇಡ ಮಾರಾಯ್ತಿ," ಎನ್ನುತ್ತಿದ್ದರು ಮಾವ. "ಎಂಜಿನ್ನಿಗೆ ಮೊದ್ಲು ಸುದ್ದಿ ಕೊಡು. ಕ್ಲಚ್ಚು ಒತ್ತಿರೋವಾಗ್ಲೇ ಒಂದು ಸಲ ರೈಸ್ ಮಾಡು, ಆಮೇಲೆ ಬಿಡು."

"ಎಷ್ಟು ರೈಸ್ ಮಾಡ್ಲಿ ಮಾವ? ಮೀಟರ್ ನೋಡ್ಬೇಕಾ?"

"ರಸ್ತೆ ನೋಡು. ಸದ್ದು ಕೇಳು. ಬಿಟ್ಟಾಗ ನನ್ನ ತಲೆ ಅಲ್ಲಾಡ್ಲಿಲ್ಲ ಅಂದ್ರೆ ಸರಿ ಆಯ್ತು ಅಂತ."

ಮಾವನ ತಲೆಯೇ ನನ್ನ ಅಳತೆಗೋಲಾಯಿತು. ಮಡಿಲಲ್ಲಿ ಕೈಕಟ್ಟಿ, ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಕೂರುತ್ತಿದ್ದರು. ಗೇರು ಇಳಿಸಿದಾಗ ಆ ಕನ್ನಡಕ ಇದ್ದಲ್ಲೇ ಇದ್ದರೆ ಏನೂ ಹೇಳುತ್ತಿರಲಿಲ್ಲ, ಇನ್ನೂ ಒಂದು ಚೂರು ಜಾರಿದರೆ ಬೆರಳಿನಿಂದ ಮೇಲೆ ತಳ್ಳಿಕೊಂಡು "ಇನ್ನೊಂದ್ಸಲ" ಎನ್ನುತ್ತಿದ್ದರು. ಬಲಗಾಲಿನ ಆ ಚಿಕ್ಕ ಒತ್ತು ಕ್ಲಚ್ಚು ತಳದಲ್ಲಿರುವಾಗಲೇ, ಲಿವರ್ ನ್ಯೂಟ್ರಲ್ ದಾಟುವ ಹೊತ್ತಿಗೆ ಆಗಬೇಕು. ತಡವಾದರೆ ಗಾಡಿ ಮುಂದಕ್ಕೆ ನೆಗೆಯುತ್ತದೆ, ಬೇಗ ಆದರೆ ಏರಿದ ಆರ್‌ಪಿಎಮ್ ಅಷ್ಟರಲ್ಲಿ ಇಳಿದುಹೋಗಿರುತ್ತದೆ. ಮಗ್ಗಿ ಬಾಯಿಗೆ ಬಂದ ಹಾಗೆ ಒಂದು ದಿನ ಅದು ಕಾಲಿಗೆ ಬಂತು. ಮೂರರಿಂದ ಎರಡಕ್ಕೆ ಇಳಿದದ್ದು ಗೊತ್ತಾದದ್ದು ಬರೀ ಸದ್ದಿನಿಂದ. ಆ ಸುಖ ಆಟೊಮ್ಯಾಟಿಕ್ ಓಡಿಸಿದ ಅಷ್ಟೂ ವರ್ಷ ನನಗೆ ಸಿಕ್ಕಿರಲಿಲ್ಲ.

ಆಮೇಲೆ ಆಗುಂಬೆ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯಲ್ಲಿ 14 ಹೇರ್‌ಪಿನ್ ತಿರುವು. ರಸ್ತೆ ಕಿರಿದು, ಮಳೆ ಯಾವಾಗ ಬೇಕಾದರೂ ಬಂದೀತು, ಮಂಜು ಇಳಿದರೆ ಮುಂದಿನ ತಿರುವೂ ಕಾಣುವುದಿಲ್ಲ. ಇಲ್ಲಿ ಜೋರು ಹೋಗುವ ಮಾತೇ ಇಲ್ಲ. ಆದರೂ ಚುರುಕು ಕಾರನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ, ಏಕೆಂದರೆ ಪ್ರತಿ ತಿರುವೂ ಅದೇ ಪ್ರಶ್ನೆ ಕೇಳುತ್ತದೆ: ಗೇರು ಯಾವಾಗ ಬದಲಿಸುತ್ತೀಯ? ಉತ್ತರ ಒಂದೇ. ತಿರುವಿಗೆ ಮುಂಚೆ, ರಸ್ತೆ ನೇರ ಇರುವಾಗ. ಬ್ರೇಕ್, ಗೇರು, ಎಲ್ಲ ಮುಗಿಸಿ ಕ್ಲಚ್ಚು ಪೂರ್ತಿ ಬಿಟ್ಟ ಮೇಲೆಯೇ ಸ್ಟೀರಿಂಗ್ ತಿರುಗಿಸುವುದು. ತಿರುವಿನ ನಡುವೆ ಕ್ಲಚ್ಚು ಒತ್ತಿದರೆ ಎಂಜಿನ್ನಿನ ಹಿಡಿತ ತಪ್ಪಿ ಗಾಡಿ ಸಡಿಲ ಬಿಟ್ಟಂತಾಗುತ್ತದೆ. ಹತ್ತುವಾಗಲಂತೂ ಹೇರ್‌ಪಿನ್ನಿನ ಒಳಗೆ ಆರ್‌ಪಿಎಮ್ ಬಿದ್ದರೆ ಟರ್ಬೊ ಮಲಗಿಬಿಡುತ್ತದೆ. ಎರಡರಲ್ಲಿ ಮುಕ್ಕರಿಯುತ್ತದೆ ಅನ್ನಿಸಿದರೆ ಸಂಕೋಚವಿಲ್ಲದೆ ಒಂದಕ್ಕೆ ಇಳಿಸಬೇಕು. ಗಾಡಿ ಹೆಚ್ಚು ಕಡಿಮೆ ನಿಂತಷ್ಟು ನಿಧಾನವಾಗಿದ್ದಾಗ ಒಂದನೇ ಗೇರು ತಕರಾರಿಲ್ಲದೆ ಬೀಳುತ್ತದೆ. ಹತ್ತಿ ಬರುವ ಗಾಡಿಗೆ ಇಳಿಯುವವರು ದಾರಿ ಬಿಡಬೇಕು, ಇದು ನಿಯಮವೂ ಹೌದು. ಏರಿನಲ್ಲಿ ನಿಂತು ಮತ್ತೆ ಹೊರಡುವಾಗ ನಾನು ಹ್ಯಾಂಡ್ ಬ್ರೇಕನ್ನೇ ನಂಬುತ್ತೇನೆ: ಕ್ಲಚ್ಚು ಕಚ್ಚುವವರೆಗೆ ಬಿಟ್ಟು, ಸ್ವಲ್ಪ ರೈಸ್ ಕೊಟ್ಟು, ಬಾನೆಟ್ ಎದ್ದದ್ದು ಕಂಡಾಗ ಹ್ಯಾಂಡ್ ಬ್ರೇಕ್ ಇಳಿಸುವುದು. ಹಾಫ್ ಕ್ಲಚ್ಚಿನಲ್ಲಿ ಗಾಡಿ ನಿಲ್ಲಿಸಿಕೊಂಡರೆ ನಿಮಿಷದೊಳಗೆ ಕ್ಲಚ್ ಪ್ಲೇಟಿನ ಸುಟ್ಟ ವಾಸನೆ ಬರುತ್ತದೆ.

ಇಳಿಯುವಾಗ ಎರಡನೇ ಗೇರು, ಬ್ರೇಕ್ ಮೇಲೆ ಆಗಾಗ ಒಂದು ಗಟ್ಟಿ ಒತ್ತು, ಮತ್ತೆ ಬಿಡುವುದು. ನ್ಯೂಟ್ರಲ್ ಹಾಕಿ ಇಳಿದರೆ ಪೆಟ್ರೋಲ್ ಉಳಿಯುತ್ತದೆ ಎಂದು ಇಂದಿಗೂ ನಂಬುವವರಿದ್ದಾರೆ. ಈಗಿನ ಇಂಜೆಕ್ಷನ್ ಎಂಜಿನ್ನುಗಳಲ್ಲಿ ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟರೆ ಇಂಧನ ಪೂರ್ತಿ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆಫ್ ಆಗದಂತೆ ಅದು ಸುಡುತ್ತಲೇ ಇರಬೇಕು. ಉಳಿತಾಯವೂ ಇಲ್ಲ, ಎಂಜಿನ್ ತಡೆಯೂ ಇಲ್ಲ, ಬ್ರೇಕ್ ಕಾದು ಹಿಡಿಯದೇ ಹೋಗುವ ಭಯ ಬೇರೆ.

ಬೆಂಗಳೂರಿನ ಟ್ರಾಫಿಕ್ಕಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ಹೆಬ್ಬಾಳದಲ್ಲೋ ಸಿಲ್ಕ್ ಬೋರ್ಡಿನಲ್ಲೋ ಎಡಗಾಲು ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಮುಂದಿನ ಗಾಡಿ ಒಂದಡಿ ಸರಿದರೆ ನಾನೂ ಒಂದಡಿ ಸರಿಯುವುದನ್ನು ಬಿಟ್ಟಿದ್ದೇನೆ. ಸ್ವಲ್ಪ ಜಾಗ ಆಗಲು ಬಿಟ್ಟು ಒಂದನೇ ಗೇರಿನಲ್ಲಿ, ಕಾಲು ಎರಡೂ ತೆಗೆದು, ತಾನಾಗಿ ಉರುಳಲು ಬಿಡುತ್ತೇನೆ. ಸಿಗ್ನಲ್ಲಿನಲ್ಲಿ ನ್ಯೂಟ್ರಲ್, ಕ್ಲಚ್ಚಿನಿಂದ ಪಾದ ದೂರ.

ಇನ್ನು ಕಲಿಯಬೇಕಾದ್ದು ಹೀಲ್ ಆಂಡ್ ಟೋ, ಅಂದರೆ ಬಲಪಾದದ ಒಂದು ಪಕ್ಕದಿಂದ ಬ್ರೇಕ್ ಒತ್ತುತ್ತಲೇ ಇನ್ನೊಂದು ಪಕ್ಕದಿಂದ ರೈಸ್ ಮಾಡಿ ಗೇರು ಇಳಿಸುವುದು. ಈಗ ನಾನು ಮೊದಲು ಬ್ರೇಕ್ ಮುಗಿಸುತ್ತೇನೆ, ಆಮೇಲೆ ರೈಸ್ ಮಾಡಿ ಗೇರು ಹಾಕುತ್ತೇನೆ. ರಸ್ತೆಗೆ ಅಷ್ಟು ಸಾಕು. ಎರಡೂ ಒಟ್ಟಿಗೆ ಬೇಕಾಗುವುದು ರೇಸ್ ಟ್ರ್ಯಾಕಿನಲ್ಲಿ. ಪಾದ ತಿರುಗಿಸುವಾಗ ಬ್ರೇಕ್ ಮೇಲಿನ ಒತ್ತಡ ಹೆಚ್ಚು ಕಡಿಮೆಯಾದರೆ ಹಿಂದೆ ಬರುವವರಿಗೆ ಕಷ್ಟ, ಆದ್ದರಿಂದ ಜನ ಓಡಾಡುವ ರಸ್ತೆಯಲ್ಲಿ ಇದರ ಪ್ರಯೋಗ ಸಲ್ಲದು. ಸದ್ಯ ಎಂಜಿನ್ ಆಫ್ ಮಾಡಿ ಮನೆ ಮುಂದೆ ನಿಲ್ಲಿಸಿದ ಕಾರಿನಲ್ಲಿ ಪಾದದ ಓಟ ಅಭ್ಯಾಸ ಮಾಡುತ್ತಿದ್ದೇನೆ. ಮುಂದೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಗೆ ಹೋಗುವ ಆಸೆಯಿದೆ. ಬೆಂಗಳೂರಿನಿಂದ ಒಂದು ದಿನದ ದಾರಿ, ಸುಮಾರು ಎರಡು ಕಿಲೋಮೀಟರಿನ ಟ್ರ್ಯಾಕ್, ಎದುರಿನಿಂದ ಯಾರೂ ಬರುವುದಿಲ್ಲ. ಮಾವನಿಗೆ ಹೇಳಿದೆ. ತಾವೂ ಬರುತ್ತಾರಂತೆ.